ಕ್ಯಾರಿಕ್-ಎ-ರೀಡ್ ಹಗ್ಗದ ಸೇತುವೆ: 70 ವರ್ಷದ ಅತ್ತೆಯನ್ನು ಕರೆದುಕೊಂಡು ಹೋಗಬಹುದಾ?

ಹೇಮಾವತಿ ದಂಡೆ, ಹಾಸನ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ಮೇ ತಿಂಗಳಲ್ಲಿ ಡಬ್ಲಿನ್‌ಗೆ ಮಗಳ ಮನೆಗೆ ಹೊರಟಿದ್ದೇವೆ. ನಾನು, ನಮ್ಮ ಯಜಮಾನರು, 70 ವರ್ಷದ ಅತ್ತೆ. ಮಗಳು, ಅಳಿಯ ಇಬ್ಬರೂ ಅಲ್ಲಿ ವರ್ಕ್ ಪರ್ಮಿಟ್ ಮೇಲೆ ಇದ್ದಾರೆ, 5 ವರ್ಷದ ಮೊಮ್ಮಗ ಇದ್ದಾನೆ. ಉತ್ತರ ಐರ್ಲೆಂಡಿನ ಕ್ಯಾರಿಕ್-ಎ-ರೀಡ್ ಸೇತುವೆ ನೋಡಬೇಕು ಅಂತ ಎಲ್ಲರಿಗೂ ಆಸೆ. ತಿಳಿದವರು ದಯವಿಟ್ಟು ಹೇಳಿ:

ಡಬ್ಲಿನ್ ವೀಸಾ ಇದ್ದರೆ ಅಲ್ಲಿಗೂ ಸಾಕಾ? ಅತ್ತೆಗೆ ಮಂಡಿನೋವು, ಸಮತಟ್ಟಿನಲ್ಲಿ ಚೆನ್ನಾಗಿ ನಡೆಯುತ್ತಾರೆ, ಮೆಟ್ಟಿಲು ಕಷ್ಟ. ಅವರು ದಾಟಬಹುದಾ? ಚಿಕ್ಕ ಹುಡುಗನನ್ನು ಬಿಡುತ್ತಾರಾ? ಡಬ್ಲಿನ್‌ನಿಂದ ಒಂದೇ ದಿನದಲ್ಲಿ ಹೋಗಿ ಬರಲು ಆಗುತ್ತದಾ?

ಗಡಿಕಲ್ಲು (ಉತ್ತರ):

ಮೇಡಂ, ಮೊದಲು ವೀಸಾ ವಿಷಯ. ಸೇತುವೆ ಇರುವ ಆಂಟ್ರಿಮ್ ಕೌಂಟಿ ಯುನೈಟೆಡ್ ಕಿಂಗ್‌ಡಮ್‌ಗೆ ಸೇರಿದ್ದು, ಡಬ್ಲಿನ್ ಐರ್ಲೆಂಡ್ ಗಣರಾಜ್ಯದ್ದು. ದೇಶ ಎರಡು, ವೀಸಾನೂ ಎರಡು. ಆದರೆ ಭಾರತೀಯರಿಗೆ ಬ್ರಿಟಿಷ್-ಐರಿಶ್ ವೀಸಾ ಯೋಜನೆ ಇದೆ. ಭಾರತದಿಂದ ಅರ್ಜಿ ಹಾಕಿ ಪಡೆದ ಐರ್ಲೆಂಡಿನ ಅಲ್ಪಾವಧಿ ವೀಸಾ ಮೇಲೆ 'ಬಿಐವಿಎಸ್' ಎಂಬ ಅಕ್ಷರಗಳಿದ್ದರೆ ಅದೇ ವೀಸಾದಲ್ಲಿ ಉತ್ತರ ಐರ್ಲೆಂಡಿಗೂ ಹೋಗಬಹುದು. ಪಾಸ್‌ಪೋರ್ಟ್ ಕೈಗೆ ಬಂದ ದಿನವೇ ಆ ಅಕ್ಷರ ಇದೆಯಾ ನೋಡಿಕೊಳ್ಳಿ. ಷರತ್ತು ಒಂದಿದೆ: ವೀಸಾ ಕೊಟ್ಟ ದೇಶಕ್ಕೇ ಮೊದಲು ಕಾಲಿಡಬೇಕು. ಹಾಗಾಗಿ ಬೆಂಗಳೂರಿನಿಂದ ದುಬೈ, ಅಬುಧಾಬಿ ಅಥವಾ ದೋಹಾ ಮೇಲೆ ನೇರ ಡಬ್ಲಿನ್‌ಗೆ ಇಳಿಯುವ ಟಿಕೆಟ್ ತೆಗೆಯಿರಿ. ಲಂಡನ್ ದಾರಿ ಬೇಡ. ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿರುವ ಶೆಂಗನ್ ವೀಸಾ ಇಲ್ಲಿ ಎರಡೂ ಕಡೆ ನಡೆಯುವುದಿಲ್ಲ.

ಇನ್ನು ಹೆಚ್ಚಿನವರು ಎಡವುವ ಜಾಗ. ಈ ಅನುಕೂಲ ನಿಮ್ಮ ಮೂವರಿಗೆ ಮಾತ್ರ. ನಿಮ್ಮ ಮಗಳು, ಅಳಿಯ ಐರ್ಲೆಂಡಿನ ನಿವಾಸಿ ಕಾರ್ಡ್ ಮೇಲೆ ಇರುವವರು. ಭಾರತದ ಪಾಸ್‌ಪೋರ್ಟ್ ಇರುವವರೆಗೆ ಆ ಕಾರ್ಡ್ ತೋರಿಸಿ ಉತ್ತರಕ್ಕೆ ಹೋಗುವಂತಿಲ್ಲ. ಅವರು ಡಬ್ಲಿನ್‌ನಿಂದಲೇ ಬ್ರಿಟನ್ನಿನ ವಿಸಿಟರ್ ವೀಸಾಗೆ ಅರ್ಜಿ ಹಾಕಬೇಕು. ಮೊಮ್ಮಗನದೂ ಭಾರತದ ಪಾಸ್‌ಪೋರ್ಟ್ ಆಗಿದ್ದರೆ ಅವನಿಗೂ ಬೇಕು. ಬೆರಳಚ್ಚು ಕೊಟ್ಟ ಮೇಲೆ ಸಾಮಾನ್ಯವಾಗಿ 3 ವಾರ ಹಿಡಿಯುತ್ತದೆ, ಆದ್ದರಿಂದ ಮಾರ್ಚ್‌ನಲ್ಲೇ ಶುರುಮಾಡಲಿ. ರಸ್ತೆಯಲ್ಲಿ ಗಡಿ ಎಲ್ಲಿ ಬಂತು ಎಂಬುದೇ ತಿಳಿಯುವುದಿಲ್ಲ, ಚೆಕ್‌ಪೋಸ್ಟ್ ಇಲ್ಲ. ಯಾರೂ ಕೇಳಲ್ಲ ಬಿಡಿ ಎನ್ನುವವರ ಮಾತು ಕೇಳಬೇಡಿ. ತಪಾಸಣೆಯಲ್ಲಿ ಸಿಕ್ಕರೆ ಮುಂದಿನ ವೀಸಾ ಅರ್ಜಿಗಳಿಗೆಲ್ಲ ಅದೇ ಕಪ್ಪುಚುಕ್ಕೆ.

ಬಾಡಿಗೆ ಕಾರು ಆದರೆ ಗಡಿ ದಾಟುತ್ತೇವೆ ಎಂದು ಬುಕ್ ಮಾಡುವಾಗಲೇ ತಿಳಿಸಿ, ಇಲ್ಲದಿದ್ದರೆ ವಿಮೆಗೆ ತೊಡಕು. ಗಡಿಯಾಚೆ ವೇಗದ ಫಲಕ ಮೈಲಿಯಲ್ಲಿ ಇರುತ್ತದೆ, ಹಣ ಯೂರೋ ಬದಲು ಪೌಂಡ್.

ಕಳಸದ ಹೊಳೆ, ಚಿಕ್ಕಮಗಳೂರು (ಉತ್ತರ):

ಗಡಿಕಲ್ಲು ಅವರು ವೀಸಾ ಬಗ್ಗೆ ಪೂರ್ತಿ ಹೇಳಿದ್ದಾರೆ. ನಡಿಗೆಯ ಬಗ್ಗೆ ನಾನು ಬರೆಯುತ್ತೇನೆ.

ದಡದಿಂದ ಒಂದು ಪುಟ್ಟ ದ್ವೀಪಕ್ಕೆ ದಾಟುವ ಈ ಸೇತುವೆಯ ಉದ್ದ 20 ಮೀಟರ್ ಅಷ್ಟೇ. ಕೆಳಗಿನ ಬಂಡೆ, ಸಮುದ್ರಕ್ಕೆ 30 ಮೀಟರ್, ಅಂದರೆ ನಮ್ಮ ಶ್ರವಣಬೆಳಗೊಳದ ಗೊಮ್ಮಟನ ಒಂದೂವರೆ ಪಟ್ಟಿಗಿಂತ ಹೆಚ್ಚು ಆಳ. ಜನ ಆ ಆಳಕ್ಕೆ ಹೆದರುತ್ತಾರೆ. ಆದರೆ ವಯಸ್ಸಾದವರಿಗೆ ನಿಜವಾದ ಕಷ್ಟ ಸೇತುವೆಯದಲ್ಲ, ಅಲ್ಲಿಗೆ ಹೋಗುವ ದಾರಿಯದು. ಕಾರ್ ಪಾರ್ಕಿನಿಂದ ಸುಮಾರು 1 ಕಿ.ಮೀ. ನಡೆಯಬೇಕು. ಹೋಗುವಾಗ ಹೆಚ್ಚಾಗಿ ಇಳಿಜಾರು, ಕೊನೆಯಲ್ಲಿ ಕಡಿದಾದ ಮೆಟ್ಟಿಲು. ಮಂಡಿನೋವಿನವರಿಗೆ ಇಳಿಯುವುದೇ ನೋವು, ವಾಪಸು ಬರುವಾಗ ಅಷ್ಟನ್ನೂ ಹತ್ತಬೇಕು. ಮೆಟ್ಟಿಲು ವಿಂಧ್ಯಗಿರಿಯ ಆರುನೂರು ಚಿಲ್ಲರೆಯ ಕಾಲು ಭಾಗದಷ್ಟು ಎಂದುಕೊಳ್ಳಿ. ಜೊತೆಗೆ ಮುಳ್ಳಯ್ಯನಗಿರಿ ತುದಿಯಲ್ಲಿ ಮುಖಕ್ಕೆ ಹೊಡೆಯುವಂಥ ಗಾಳಿ ದಾರಿಯುದ್ದಕ್ಕೂ.

ಹಾಗಾಗಿ ಅತ್ತೆಯವರಿಗೆ ನನ್ನ ಸಲಹೆ: ಮೇಲಿನ ದಾರಿಯಲ್ಲಿ, ಮೆಟ್ಟಿಲು ಶುರುವಾಗುವ ತನಕ ಬರಲಿ. ಸೇತುವೆ, ದ್ವೀಪ, ಎದುರಿಗೆ ರಾಥ್ಲಿನ್ ದ್ವೀಪ, ಬಾನು ತಿಳಿಯಾಗಿದ್ದರೆ ಸ್ಕಾಟ್ಲೆಂಡಿನ ಕರಾವಳಿ ಎಲ್ಲವೂ ಮೇಲಿನಿಂದಲೇ ಕಾಣುತ್ತವೆ. ನಿಜ ಹೇಳಬೇಕೆಂದರೆ ಸೇತುವೆಯ ಚೆಂದ ಅದರ ಮೇಲೆ ನಿಂತವರಿಗಿಂತ ದೂರದಿಂದ ನೋಡುವವರಿಗೇ ಹೆಚ್ಚು. ಒಬ್ಬರು ಅವರ ಜೊತೆ ಉಳಿಯಲಿ. ಶೌಚಾಲಯ ಪಾರ್ಕಿಂಗ್ ಹತ್ತಿರ ಇದೆ, ಅಲ್ಲೇ ಮುಗಿಸಿಕೊಂಡು ಹೊರಡಿ.

ಒಂದು ಮಾತು ಮರೆಯಬೇಡಿ. ದ್ವೀಪದಿಂದ ವಾಪಸು ಬರಲೂ ಅದೇ ಸೇತುವೆ. ಹೋಗುವಾಗ ದಾಟಿ, ಬರುವಾಗ ಕಾಲು ನಡುಗಿ ನಿಂತವರನ್ನು ದೋಣಿಯಲ್ಲಿ ಕರೆತಂದದ್ದೂ ಇದೆ. ಅರೆಮನಸ್ಸಿನವರನ್ನು ಒತ್ತಾಯ ಮಾಡಿ ದಾಟಿಸಬೇಡಿ.

ಬಂಡೆಮಾತು, ಸಕಲೇಶಪುರ (ಉತ್ತರ):

ಸೇತುವೆ ಯಾಕೆ ತೂಗಾಡುತ್ತದೆ ಎಂದು ಗೊತ್ತಿದ್ದರೆ ಅರ್ಧ ಭಯ ಹೋಗುತ್ತದೆ. ಈಗಿನದು 2008ರಲ್ಲಿ ಕಟ್ಟಿದ್ದು. ಹೆಸರಿಗೆ ಹಗ್ಗದ ಸೇತುವೆ, ಭಾರ ಹೊರುವುದು ಎರಡೂ ಬದಿಯ ಬಂಡೆಗೆ ಬಿಗಿದ ಉಕ್ಕಿನ ತಂತಿಹಗ್ಗ. ನಡೆಯುವ ಹಲಗೆ ಡಗ್ಲಾಸ್ ಫರ್ ಮರದ್ದು. ಸೇತುವೆಯ ಸ್ವಂತ ತೂಕ ಕಮ್ಮಿ, ಕೆಳಗೆ ಗಟ್ಟಿ ತೊಲೆ ಇಲ್ಲ, ಆದ್ದರಿಂದ ನಮ್ಮ ಹೆಜ್ಜೆಗೆ ತಕ್ಕಂತೆ ಕುಣಿಯುತ್ತದೆ. ನಾವು ಸೆಕೆಂಡಿಗೆ ಸುಮಾರು 2 ಹೆಜ್ಜೆ ಹಾಕುತ್ತೇವೆ. ನಾಲ್ಕು ಜನ ಒಂದೇ ತಾಳದಲ್ಲಿ ನಡೆದರೆ ಆ ಕುಣಿತ ಕೂಡಿಕೊಂಡು ದೊಡ್ಡದಾಗುತ್ತದೆ. ಆದ್ದರಿಂದ ಮುಂದಿನವರ ಹೆಜ್ಜೆಗೆ ಹೆಜ್ಜೆ ಸೇರಿಸದೆ, ನಡುವೆ ಒಂದೆರಡು ಮಾರು ಬಿಟ್ಟು, ಚಿಕ್ಕ ಹೆಜ್ಜೆಯಲ್ಲಿ ನಡೆಯಿರಿ. ಎರಡೂ ಕೈ ಎರಡು ಬದಿಯ ಹಗ್ಗಕ್ಕೆ. ಒಂದೇ ಬದಿಗೆ ವಾಲಿದರೆ ಹಲಗೆಯೂ ಅತ್ತ ವಾಲುತ್ತದೆ. ಕಣ್ಣು ಆಚೆ ದಡದ ಬಂಡೆಯ ಮೇಲಿರಲಿ. ಕಾಲ ಕೆಳಗೆ ನೋಡಿದರೆ ಅಲೆ ಸರಿಯುವುದು ಕಂಡು ನಾವೇ ಸರಿಯುತ್ತಿದ್ದೇವೆ ಎನಿಸಿ ತಲೆ ಸುತ್ತುತ್ತದೆ. ಒಂದು ನಿಮಿಷದ ಕೆಲಸ.

ಒಮ್ಮೆಗೆ 8 ಜನರನ್ನು ಮಾತ್ರ ಬಿಡುತ್ತಾರೆ, ಒಂದು ಕಡೆಯವರು ದಾಟಿದ ಮೇಲೆ ಇನ್ನೊಂದು ಕಡೆಯವರು. ನಡುವೆ ನಿಂತು ಸೆಲ್ಫಿ ಬೇಡ. ಮೊಮ್ಮಗನನ್ನು ಎತ್ತಿಕೊಳ್ಳಬೇಡಿ, ಎತ್ತಿಕೊಂಡವರ ಎರಡೂ ಕೈ ಹಗ್ಗಕ್ಕೆ ಸಿಗುವುದಿಲ್ಲ. ಅವನೇ ನಡೆಯಲಿ, ಒಬ್ಬರು ಮುಂದೆ, ಒಬ್ಬರು ಹಿಂದೆ. ಸೀರೆ, ಪಂಚೆ ಗಾಳಿಗೆ ಹಾರಿ ಕಾಲಿಗೆ ಸುತ್ತಿಕೊಳ್ಳುತ್ತವೆ. ಚೂಡಿದಾರ್ ಅಥವಾ ಪ್ಯಾಂಟ್, ಮೇಲೊಂದು ಗಾಳಿ ತಡೆಯುವ ಜಾಕೆಟ್, ಕಚ್ಚು ಇರುವ ಶೂ. ಛತ್ರಿ ಅಲ್ಲಿ ನಿಲ್ಲುವುದೇ ಇಲ್ಲ.

ಇದನ್ನು ಪ್ರವಾಸಿಗರಿಗೆಂದು ಕಟ್ಟಿದ್ದಲ್ಲ. ಸಾಲ್ಮನ್ ಮೀನು ಹಿಡಿಯುವವರು 1755ರಲ್ಲಿ ಮೊದಲ ಸಲ ಕಟ್ಟಿದ್ದು. ವಲಸೆ ಬರುವ ಮೀನಿನ ದಾರಿಗೆ ಈ ದ್ವೀಪ ಅಡ್ಡ, ಅಲ್ಲಿ ತಿರುಗುವ ಮೀನಿಗೆ ಬಲೆ. 1970ರ ದಶಕದಲ್ಲೂ ಒಂದೇ ಕೈಹಗ್ಗ, ಹಲಗೆಗಳ ನಡುವೆ ದೊಡ್ಡ ಸಂದು ಇತ್ತು. 1960ರ ದಶಕದಲ್ಲಿ ದಿನಕ್ಕೆ 300ರ ಹತ್ತಿರ ಮೀನು ಸಿಗುತ್ತಿದ್ದ ಜಾಗದಲ್ಲಿ 2002ರಲ್ಲಿ ಇಡೀ ಹಂಗಾಮಿಗೆ 300. ಅಲ್ಲಿಗೆ ಮೀನುಗಾರಿಕೆಯೇ ನಿಂತಿತು. ದ್ವೀಪದಲ್ಲಿರುವ ಮೀನುಗಾರರ ಗುಡಿಸಲನ್ನು ತಪ್ಪದೆ ನೋಡಿ.

ಬಂಡೆ ಕಡೆಗೂ ಗಮನ ಕೊಡಿ. ದ್ವೀಪ ಇರುವುದು ಹಳೆಯ ಜ್ವಾಲಾಮುಖಿಯ ಬಾಯಲ್ಲಿ, ಸುಮಾರು 6 ಕೋಟಿ ವರ್ಷದ್ದು. ಪಕ್ಕದ ಲ್ಯಾರಿಬೇನ್‌ನಲ್ಲಿ ಬೆಳ್ಳಗಿನ ಸುಣ್ಣಕಲ್ಲು. ಹಾಸನದ ಗೊರೂರು ಸುತ್ತಲಿನ ಕಲ್ಲು 300 ಕೋಟಿ ವರ್ಷ ದಾಟಿದ್ದು. ಅದರ ಮುಂದೆ ಇದು ಹಸುಗೂಸು!

ಹೇಮಾವತಿ ದಂಡೆ, ಹಾಸನ:

ತುಂಬಾ ಉಪಕಾರವಾಯ್ತು. ಮಗಳಿಗೆ ಬೇರೆ ವೀಸಾ ಬೇಕು ಎಂಬುದು ಗೊತ್ತೇ ಇರಲಿಲ್ಲ, ಈಗಲೇ ಫೋನ್ ಮಾಡಿ ಹೇಳುತ್ತೇನೆ. ಒಂದೇ ದಿನದ ಪ್ರವಾಸ ಮತ್ತು ಟಿಕೆಟ್ ವಿಷಯ ಯಾರಾದರೂ ಹೇಳುತ್ತೀರಾ? ಗಾಳಿ ಜಾಸ್ತಿ ಆದರೆ ಮುಚ್ಚುತ್ತಾರಂತೆ?

ಕಳಸದ ಹೊಳೆ, ಚಿಕ್ಕಮಗಳೂರು:

ಹೌದು ಮೇಡಂ, ಜೋರು ಗಾಳಿಯಿದ್ದರೆ ಮುಚ್ಚುತ್ತಾರೆ, ಬೆಳಿಗ್ಗೆ ತೆರೆದಿದ್ದು ಮಧ್ಯಾಹ್ನ ಮುಚ್ಚಬಹುದು. ಹೊರಡುವ ಮುನ್ನ ನ್ಯಾಷನಲ್ ಟ್ರಸ್ಟ್ ವೆಬ್‌ಸೈಟ್ ನೋಡಿ, ಜಾಗ ನೋಡಿಕೊಳ್ಳುವವರು ಅವರೇ. ಟಿಕೆಟ್ ಗೊತ್ತುಪಡಿಸಿದ ಹೊತ್ತಿಗೆ ಕೊಡುವಂಥದ್ದು, ಆನ್‌ಲೈನ್‌ನಲ್ಲಿ ಮೊದಲೇ ತೆಗೆಯಬೇಕು. ಆ ಹೊತ್ತಿಗೆ ಸೇತುವೆ ಹತ್ತಿರ ಇರಬೇಕಾದರೆ ಪಾರ್ಕಿಂಗ್‌ಗೆ 45 ನಿಮಿಷ ಮುಂಚೆ ಬನ್ನಿ.

ಡಬ್ಲಿನ್‌ನಿಂದ ಕಾರಲ್ಲಿ ಒಂದು ಕಡೆಗೆ ಮೂರೂವರೆ ಗಂಟೆ ಹಿಡಿಯಿರಿ. ಒಂದೇ ದಿನದಲ್ಲಿ ಆಗುತ್ತದೆ, ಆದರೆ 70 ವರ್ಷದವರಿಗೆ 7 ಗಂಟೆ ಕಾರಿನಲ್ಲಿ ಕೂರಿಸಬೇಡಿ. ಒಂದು ರಾತ್ರಿ ಸೇತುವೆ ಹತ್ತಿರದ ಊರುಗಳಾದ ಬ್ಯಾಲಿಕ್ಯಾಸಲ್ ಅಥವಾ ಬುಷ್‌ಮಿಲ್ಸ್‌ನಲ್ಲಿ ಉಳಿಯಿರಿ. ಇದರಿಂದ ಇನ್ನೊಂದು ಲಾಭ, ಮೊದಲ ದಿನ ಗಾಳಿಗೆ ಮುಚ್ಚಿದರೆ ಮರುದಿನ ಬೆಳಿಗ್ಗೆ ಇನ್ನೊಂದು ಅವಕಾಶ. ಕಾರು ಬೇಡವೆಂದರೆ ಬೆಲ್‌ಫಾಸ್ಟ್‌ನಿಂದ ಕೋಲ್‌ರೇನ್‌ಗೆ ರೈಲು, ಅಲ್ಲಿಂದ ಕರಾವಳಿಯ 402 ನಂಬರ್ ಬಸ್. ವಾಪಸಿನ ಬಸ್ ಸಮಯ ನೋಡಿಕೊಂಡೇ ದಾಟಲು ಹೋಗಿ.

ಸೇತುವೆ ಮುಚ್ಚಿದ್ದರೂ 13 ಕಿ.ಮೀ. ದೂರದಲ್ಲಿ ಜೈಂಟ್ಸ್ ಕಾಸ್‌ವೇ ಇದೆ, 40,000ದಷ್ಟು ಕಲ್ಲುಕಂಬ. ಮಲ್ಪೆಯ ಸೇಂಟ್ ಮೇರೀಸ್ ದ್ವೀಪದ ಕಂಬಗಳನ್ನು ನೋಡಿದ್ದರೆ ಮೊಮ್ಮಗನಿಗೆ ಹೋಲಿಸಿ ತೋರಿಸಿ. ಅಲ್ಲಿ ವಿಸಿಟರ್ ಸೆಂಟರ್‌ನಿಂದ ಕಲ್ಲಿನ ತನಕ ಷಟಲ್ ಬಸ್ ಇರುವುದರಿಂದ ಅತ್ತೆಯವರಿಗೂ ಸುಲಭ.

ಮೇ ಒಳ್ಳೆಯ ತಿಂಗಳು. ಬಂಡೆಯ ಸಂದಿಯಲ್ಲಿ ಗಿಲ್ಲೆಮಾಟ್, ರೇಜರ್‌ಬಿಲ್, ಕಿಟ್ಟಿವೇಕ್ ಹಕ್ಕಿಗಳು ಗೂಡು ಮಾಡಿರುತ್ತವೆ, ಜುಲೈ-ಆಗಸ್ಟ್ ಹೊತ್ತಿಗೆ ಹೊರಟುಹೋಗುತ್ತವೆ. ದುರ್ಬೀನು ಇದ್ದರೆ ಅತ್ತೆಯವರ ಕೈಗೇ ಕೊಡಿ, ಮೇಲೆ ಕುಳಿತೇ ನೋಡಬಹುದು.