ಸಿ.ಒ.ಪಿ.ಡಿ. ರೋಗಿಗೆ ಉಸಿರು ಕಟ್ಟಿದಾಗ ಮೊದಲು ಏನನ್ನು ನೋಡಬೇಕು, ಆಕ್ಸಿಜನ್ ಎಷ್ಟು ಕೊಡಬೇಕು?

ಮಲೆನಾಡು_ಶುಶ್ರೂಷಾಧಿಕಾರಿ:

ಎಲ್ಲರಿಗೂ ನಮಸ್ಕಾರ. ನಾನು ಮಲೆನಾಡಿನ ತಾಲ್ಲೂಕು ಆಸ್ಪತ್ರೆಯೊಂದರ ಮೆಡಿಕಲ್ ವಾರ್ಡಿನಲ್ಲಿ ಕೆಲಸಕ್ಕೆ ಸೇರಿ ಹೆಚ್ಚು ಕಾಲವಾಗಿಲ್ಲ. ಮಳೆ ಹಿಂದಾಗಿ ಚಳಿ ಕಾಲಿಡುತ್ತಿದ್ದಂತೆ ದಮ್ಮು, ಕೆಮ್ಮು, ಕಫ ಎಂದು ದಾಖಲಾಗುವವರು ಹೆಚ್ಚುತ್ತಾರೆ. ಬೀಡಿ ಸೇದಿದ ಗಂಡಸರಷ್ಟೇ ಅಲ್ಲ, ಬೀಡಿಯನ್ನು ಮುಟ್ಟಿಯೂ ನೋಡದೆ ಜೀವಮಾನವಿಡೀ ಸೌದೆ ಒಲೆಯ ಹೊಗೆಯಲ್ಲಿ ಅಡುಗೆ ಮಾಡಿದ ಹೆಂಗಸರೂ ಸಿ.ಒ.ಪಿ.ಡಿ. (ಶ್ವಾಸನಾಳ ಕಿರಿದಾಗಿಯೇ ಉಳಿಯುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ) ರೋಗಿಗಳಾಗಿ ಬರುತ್ತಾರೆ.

ರಾತ್ರಿ ಪಾಳಿಯಲ್ಲಿ ಇಂಥವರ ಆಕ್ಸಿಮೀಟರ್ 88 ಅಥವಾ 89 ತೋರಿಸಿದರೆ ಮನೆಯವರು ಗಾಬರಿಯಾಗಿ ‘ಆಕ್ಸಿಜನ್ ಜಾಸ್ತಿ ಮಾಡಿ ಸಿಸ್ಟರ್’ ಎಂದು ಬೇಡಿಕೊಳ್ಳುತ್ತಾರೆ. ಕೆಲವು ಹಿರಿಯರು ಕೂಡಲೇ ನಿಮಿಷಕ್ಕೆ 6 ಲೀಟರಿಗೆ ಏರಿಸುತ್ತಾರೆ. ಇನ್ನು ಕೆಲವರು 2 ಲೀಟರಿಗಿಂತ ಹೆಚ್ಚು ಕೊಟ್ಟರೆ ರೋಗಿ ಉಸಿರಾಡುವುದನ್ನೇ ನಿಲ್ಲಿಸುತ್ತಾರೆಂದು ಎಚ್ಚರಿಸುತ್ತಾರೆ. ಕೇಸ್ ಶೀಟಿನಲ್ಲಿ ‘ಅಗತ್ಯವಿದ್ದರೆ ಆಕ್ಸಿಜನ್’ ಎಂದಷ್ಟೇ ಬರೆದಿರುತ್ತದೆ. ಇವುಗಳಲ್ಲಿ ಯಾವುದು ಸರಿ? ವಾರ್ಡಿನಲ್ಲಿ ಒಬ್ಬಳೇ ಇರುವಾಗ ಯಾವುದನ್ನು ಮೊದಲು ಗಮನಿಸಬೇಕು, ಡ್ಯೂಟಿ ಡಾಕ್ಟರನ್ನು ಯಾವಾಗ ತಡಮಾಡದೆ ಎಬ್ಬಿಸಬೇಕು ಎಂಬುದನ್ನು ಅನುಭವಿಗಳು ದಯವಿಟ್ಟು ತಿಳಿಸಿ.

ಐಸಿಯು_ಸಿಸ್ಟರ್_ಬೆಂಗಳೂರು:

ಆಕ್ಸಿಜನ್ನಿನ ಪ್ರಮಾಣದ ಬಗ್ಗೆ ಇಲ್ಲಿ ಪಾಠ ಮಾಡುವವರೇ ಇದ್ದಾರೆ, ಅವರು ಬರೆಯಲಿ. ಮೊದಲು ಏನನ್ನು ನೋಡಬೇಕೆಂಬುದಕ್ಕೆ ನಾನು ಉತ್ತರಿಸುತ್ತೇನೆ.

ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸುವ ಮುನ್ನ ಮಂಚದ ಕಾಲಬುಡದಲ್ಲಿ ನಿಂತು ರೋಗಿಯನ್ನೇ ನೋಡಿ. ಊಟವಾಯಿತೇ ಎಂದು ಕೇಳಿದರೆ ಪೂರ್ತಿ ವಾಕ್ಯದಲ್ಲಿ ಉತ್ತರಿಸುತ್ತಾರೆಯೇ, ಎರಡು ಮಾತಿಗೊಮ್ಮೆ ನಿಂತು ಉಸಿರೆಳೆದುಕೊಳ್ಳುತ್ತಾರೆಯೇ ಎಂಬುದರಲ್ಲಿಯೇ ಅರ್ಧ ವಿಷಯ ತಿಳಿಯುತ್ತದೆ. ಮುಂದಕ್ಕೆ ಬಾಗಿ ಎರಡೂ ಕೈಗಳನ್ನು ಮಂಚಕ್ಕೆ ಊರಿ ಕುಳಿತಿದ್ದರೆ, ಕತ್ತಿನ ಸ್ನಾಯುಗಳು ಪ್ರತಿ ಉಸಿರಿಗೂ ಬಿಗಿಯುತ್ತಿದ್ದರೆ, ಪಕ್ಕೆಲುಬುಗಳ ನಡುವಿನ ಚರ್ಮ ಒಳಕ್ಕೆ ಎಳೆಯುತ್ತಿದ್ದರೆ, ಯಂತ್ರ 95 ತೋರಿಸಿದರೂ ಆ ರೋಗಿ ಕಷ್ಟದಲ್ಲಿದ್ದಾರೆಂದೇ ತಿಳಿಯಬೇಕು. ತುಟಿ ಮತ್ತು ನಾಲಿಗೆ ನೀಲಿಗಟ್ಟುವುದು ಬಹಳ ತಡವಾಗಿ ಕಾಣುವ ಲಕ್ಷಣವಾದ್ದರಿಂದ ಅದಕ್ಕಾಗಿ ಕಾಯಬಾರದು.

ಅನಂತರ ಉಸಿರನ್ನು ಪೂರ್ತಿ ಒಂದು ನಿಮಿಷ ಎಣಿಸಿ. ನಮ್ಮ ವಾರ್ಡುಗಳಲ್ಲಿ ಅತ್ಯಂತ ಹೆಚ್ಚು ಕಡೆಗಣಿಸಲ್ಪಟ್ಟಿರುವ ಅಳತೆ ಇದೇ ಎಂಬುದು ನನ್ನ ದೃಢವಾದ ಅಭಿಪ್ರಾಯ. ಚಾರ್ಟ್ ತೆರೆದರೆ ಸಾಲಿಗೆ ಸಾಲು ಎಲ್ಲರಿಗೂ 20 ಅಥವಾ 22 ಎಂದೇ ಬರೆದಿರುತ್ತದೆ. ವಯಸ್ಕರಲ್ಲಿ 12ರಿಂದ 20 ಸಹಜ. ಬೆಳಿಗ್ಗೆ 20 ಇದ್ದದ್ದು ಸಂಜೆಗೆ 26 ಆಗಿದ್ದರೆ, ರಕ್ತದೊತ್ತಡವೂ ಆಕ್ಸಿಮೀಟರಿನ ಅಂಕಿಯೂ ಇನ್ನೂ ನೆಟ್ಟಗಿರುವಾಗಲೇ ದೇಹ ಮುನ್ಸೂಚನೆ ಕೊಡುತ್ತಿದೆ ಎಂದರ್ಥ. ಎಣಿಸುತ್ತಿದ್ದೀರೆಂದು ಗೊತ್ತಾದರೆ ರೋಗಿಯ ಉಸಿರಿನ ಲಯ ಬದಲಾಗುತ್ತದೆ. ಆದ್ದರಿಂದ ನಾಡಿ ಹಿಡಿದವರಂತೆ ಮಣಿಕಟ್ಟಿನ ಮೇಲೆ ಕೈಯಿಟ್ಟುಕೊಂಡು ಎದೆಯ ಏರಿಳಿತವನ್ನು ಎಣಿಸಿ. ವೇಗದ ಜೊತೆಗೆ ಆಳವನ್ನೂ ಗಮನಿಸಿ. ಆಳವಾಗಿ, ವೇಗವಾಗಿ ಉಸಿರಾಡುತ್ತಿರುವ ಮಧುಮೇಹಿಯ ಶ್ವಾಸಕೋಶ ಚೆನ್ನಾಗಿಯೇ ಇದ್ದು, ರಕ್ತದಲ್ಲಿ ಕೀಟೋನ್ ಏರಿರಬಹುದು. ಅಂಥವರಿಗೆ ನೆಬುಲೈಸೇಷನ್ (ಔಷಧವನ್ನು ಆವಿಯಂತೆ ಮಾಡಿ ಉಸಿರಿನ ಮೂಲಕ ಕೊಡುವುದು) ಕೊಡುತ್ತಾ ಕುಳಿತರೆ ಸಮಯ ಹಾಳು.

ಸ್ಟೆತೊಸ್ಕೋಪನ್ನು ವೈದ್ಯರಿಗೇ ಬಿಟ್ಟುಕೊಡಬೇಡಿ. ಬೆನ್ನಿನ ಕಡೆಯಿಂದ, ಎಡಬಲ ಹೋಲಿಸುತ್ತಾ ಕೇಳಿ. ಉಸಿರು ಬಿಡುವಾಗ ಸಿಳ್ಳೆಯಂತಹ ಸದ್ದಿದ್ದರೆ ಶ್ವಾಸನಾಳ ಕಿರಿದಾಗಿದೆ. ಎರಡೂ ಕಡೆ ಕೆಳಭಾಗದಲ್ಲಿ ಚಟಪಟ ಸದ್ದಿದ್ದು, ಕಾಲು ಊದಿ, ಮಲಗಿದರೆ ಉಸಿರು ಕಟ್ಟುತ್ತಿದ್ದರೆ ಹೃದಯದ ಕಡೆಗೆ ಗಮನ ಹೋಗಬೇಕು. ಒಂದೇ ಕಡೆ ಸದ್ದು ಕುಗ್ಗಿದ್ದರೆ ನೀರು, ಗಾಳಿ ಅಥವಾ ಕಫ ಕಟ್ಟಿಕೊಂಡಿರಬಹುದು. ಜೋರಾಗಿ ಗುಯ್ಗುಡುತ್ತಿದ್ದ ಎದೆ ಚಿಕಿತ್ಸೆಯಿಲ್ಲದೆ ಇದ್ದಕ್ಕಿದ್ದಂತೆ ಸದ್ದಡಗಿದರೆ ವಾಸಿಯಾಯಿತೆಂದು ತಿಳಿಯಬಾರದು. ಸದ್ದು ಹುಟ್ಟಿಸುವಷ್ಟು ಗಾಳಿಯೂ ಒಳಗೆ ಓಡಾಡುತ್ತಿಲ್ಲ ಎಂಬ ಅತ್ಯಂತ ಅಪಾಯದ ಸ್ಥಿತಿ ಅದಾಗಿರಬಹುದು.

ಆಕ್ಸಿಮೀಟರಿನ ಅಂಕಿಯನ್ನು ಇವೆಲ್ಲದರ ಜೊತೆಗಿಟ್ಟು ಓದಿ. ಕೈ ತಣ್ಣಗಿದ್ದರೆ, ಉಗುರಿಗೆ ಬಣ್ಣವಿದ್ದರೆ, ನಾಡಿ ದುರ್ಬಲವಾಗಿದ್ದರೆ ಅದು ತಪ್ಪು ತೋರಿಸಬಹುದು. 2020ರಲ್ಲಿ ಅಮೆರಿಕದಿಂದ ಪ್ರಕಟವಾದ ಅಧ್ಯಯನವೊಂದರಲ್ಲಿ, ಆಕ್ಸಿಮೀಟರ್ ಹಿಡಿಯದೆ ಬಿಟ್ಟ ಆಕ್ಸಿಜನ್ ಕೊರತೆ ಬಿಳಿಯರಿಗಿಂತ ಕಪ್ಪು ಜನಾಂಗದ ರೋಗಿಗಳಲ್ಲಿ ಸುಮಾರು ಮೂರು ಪಟ್ಟು ಹೆಚ್ಚಾಗಿ ಕಂಡುಬಂದಿತ್ತು. ನಮ್ಮ ನಾಡಿನ ಮೈಬಣ್ಣವನ್ನು ನೆನೆದರೆ ಇದು ನಾವೂ ಎಚ್ಚರದಿಂದಿರಬೇಕಾದ ವಿಷಯ. ಇನ್ನು, ಮುಚ್ಚಿದ ಕೋಣೆಯಲ್ಲಿ ಕೆಂಡವಿಟ್ಟುಕೊಂಡು ಮಲಗಿದ್ದವರನ್ನು ಕರೆತಂದಿದ್ದರೆ ಯಂತ್ರ ತೋರಿಸುವ 98ನ್ನು ನಂಬಲೇಬೇಡಿ. ಇಂಗಾಲದ ಮಾನಾಕ್ಸೈಡ್ ಹಿಡಿದ ಹಿಮೋಗ್ಲೋಬಿನ್ನನ್ನೂ ಅದು ಆಕ್ಸಿಜನ್ ಇರುವ ಹಿಮೋಗ್ಲೋಬಿನ್ ಎಂದೇ ಎಣಿಸುತ್ತದೆ.

ನರ್ಸಿಂಗ್_ಉಪನ್ಯಾಸಕಿ_ಮಂಗಳೂರು:

ಸಿಸ್ಟರ್ ಬರೆದಿರುವ ಪ್ರತಿಯೊಂದು ಮಾತಿಗೂ ನನ್ನ ಸಹಮತವಿದೆ. ಆಕ್ಸಿಜನ್ನಿನ ವಿಷಯವನ್ನು ನಾನು ಮುಂದುವರಿಸುತ್ತೇನೆ.

ನಿಮ್ಮ ವಾರ್ಡಿನ ಎರಡೂ ಪಂಗಡದವರು ಲೀಟರಿನ ಲೆಕ್ಕದಲ್ಲಿ ಯೋಚಿಸುತ್ತಿದ್ದಾರೆ; ಯೋಚಿಸಬೇಕಾದದ್ದು ಗುರಿಯ ಲೆಕ್ಕದಲ್ಲಿ. ಇಂಗಾಲದ ಡೈಆಕ್ಸೈಡ್ ದೇಹದಲ್ಲಿ ಉಳಿಯುವ ಅಪಾಯವಿರುವ ಸಿ.ಒ.ಪಿ.ಡಿ. ರೋಗಿಗಳಿಗೆ ಆಕ್ಸಿಜನ್ ಸಾಂದ್ರತೆ, ಅಂದರೆ ಆಕ್ಸಿಮೀಟರ್ ತೋರಿಸುವ ಅಂಕಿ, ಶೇಕಡ 88ರಿಂದ 92ರ ನಡುವೆ ಇರಬೇಕು. ಆ ಅಪಾಯವಿಲ್ಲದ ಇತರ ಬಹುಪಾಲು ರೋಗಿಗಳಿಗೆ 94ರಿಂದ 98 ಎಂಬುದು ಬ್ರಿಟಿಷ್ ಥೊರಾಸಿಕ್ ಸೊಸೈಟಿಯ ಮಾರ್ಗಸೂಚಿ. ಅಂದರೆ ಮನೆಯವರನ್ನು ಗಾಬರಿಗೊಳಿಸಿದ ಆ 89 ಎಂಬ ಅಂಕಿ ಗುರಿಯೊಳಗೇ ಇದೆ. ರೋಗಿ ಎಚ್ಚರವಾಗಿದ್ದು, ಮಾತಾಡುತ್ತಾ, ಉಸಿರಿನ ವೇಗ ಏರದೆ ಇದ್ದರೆ ಅಲ್ಲಿ ಏರಿಸುವುದಕ್ಕೆ ಏನೂ ಇಲ್ಲ.

ಹೆಚ್ಚು ಕೊಟ್ಟರೆ ಏಕೆ ತೊಂದರೆ ಎಂಬುದಕ್ಕೆ ‘ಉಸಿರಾಡುವ ಪ್ರೇರಣೆ ಹೋಗುತ್ತದೆ’ ಎಂಬ ಒಂದೇ ವಿವರಣೆಯನ್ನು ತಲೆಮಾರುಗಳಿಂದ ಕಲಿಸಿಕೊಂಡು ಬಂದಿದ್ದೇವೆ. ಅದರ ಪಾಲು ಸ್ವಲ್ಪವಿದೆ, ಆದರೆ ಮುಖ್ಯ ಕಾರಣ ಬೇರೆ. ಹಾಳಾದ ಶ್ವಾಸಕೋಶದಲ್ಲಿ ಗಾಳಿ ಸರಿಯಾಗಿ ತಲುಪದ ಭಾಗಗಳ ರಕ್ತನಾಳಗಳು ತಾವಾಗಿಯೇ ಕಿರಿದಾಗಿ, ರಕ್ತವನ್ನು ಚೆನ್ನಾಗಿ ಗಾಳಿಯಾಡುವ ಭಾಗಗಳ ಕಡೆಗೆ ತಿರುಗಿಸಿರುತ್ತವೆ. ಅತಿಯಾದ ಆಕ್ಸಿಜನ್ ಆ ನಾಳಗಳನ್ನು ಮತ್ತೆ ಹಿಗ್ಗಿಸುವುದರಿಂದ, ಇಂಗಾಲದ ಡೈಆಕ್ಸೈಡನ್ನು ಹೊರಹಾಕಲಾಗದ ಭಾಗಗಳಿಗೆ ರಕ್ತ ಹರಿದು ವ್ಯರ್ಥವಾಗುತ್ತದೆ. ಜೊತೆಗೆ ಆಕ್ಸಿಜನ್ ತುಂಬಿಕೊಂಡ ಹಿಮೋಗ್ಲೋಬಿನ್ ತಾನು ಹೊತ್ತಿದ್ದ ಇಂಗಾಲದ ಡೈಆಕ್ಸೈಡನ್ನು ರಕ್ತಕ್ಕೆ ಬಿಟ್ಟುಬಿಡುತ್ತದೆ. ಉಸಿರಿನ ವೇಗ ತಗ್ಗದೆಯೂ ರೋಗಿ ಮಂಪರಿಗೆ ಜಾರಬಹುದಾದದ್ದು ಈ ಕಾರಣಗಳಿಂದಲೇ.

ಇದು ಬರೀ ಸಿದ್ಧಾಂತವಲ್ಲ. ಆಸ್ಟ್ರೇಲಿಯಾದ ಟಾಸ್ಮೇನಿಯಾದಲ್ಲಿ ಆಂಬುಲೆನ್ಸಿನಲ್ಲಿ ಸಾಗಿಸಲಾದ 405 ರೋಗಿಗಳ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಹೆಚ್ಚಿನ ಹರಿವಿನ ಆಕ್ಸಿಜನ್ ಪಡೆದ ಗುಂಪಿನಲ್ಲಿ ಶೇಕಡ 9ರಷ್ಟು ಸಾವುಗಳಾದರೆ, 88ರಿಂದ 92ಕ್ಕೆ ಹೊಂದಿಸಿ ಕೊಟ್ಟ ಗುಂಪಿನಲ್ಲಿ ಶೇಕಡ 4ರಷ್ಟಾದವು.

ಹಾಗೆಂದು ಇನ್ನೊಂದು ಪಂಗಡದವರ ಭಯವನ್ನೂ ಒಪ್ಪಲಾಗದು. ಸಾಂದ್ರತೆ 80ಕ್ಕೆ ಇಳಿದಿದ್ದರೂ 2 ಲೀಟರಿಗೇ ಅಂಟಿಕೊಂಡು ಕೂರುವುದು ತಪ್ಪು. ಆಕ್ಸಿಜನ್ ಕೊರತೆ ಇಂಗಾಲದ ಡೈಆಕ್ಸೈಡಿಗಿಂತ ಬೇಗ ಕೊಲ್ಲುತ್ತದೆ. ಗುರಿ ಮುಟ್ಟುವವರೆಗೆ ಏರಿಸಿ, ವೈದ್ಯರನ್ನು ಕರೆಯಿರಿ. ಯಾರೋ ಹೆಚ್ಚು ಕೊಟ್ಟು ರೋಗಿ ಮಂಪರಾಗಿರುವುದು ಕಂಡರೆ ಗಾಬರಿಯಿಂದ ಆಕ್ಸಿಜನ್ನನ್ನು ಒಮ್ಮೆಲೇ ಕಿತ್ತುಹಾಕಬೇಡಿ. ಸಾಂದ್ರತೆ ಮೊದಲಿಗಿಂತಲೂ ಕೆಳಕ್ಕೆ ಕುಸಿಯುತ್ತದೆ. ಸಾಂದ್ರತೆಯನ್ನು ನೋಡಿಕೊಳ್ಳುತ್ತಾ ಹಂತಹಂತವಾಗಿ ಇಳಿಸಿ. ಮತ್ತು ನಾಳೆಯೇ ವೈದ್ಯರಲ್ಲಿ ವಿನಂತಿಸಿ, ‘ಅಗತ್ಯವಿದ್ದರೆ’ ಎಂಬ ಪದದ ಜಾಗದಲ್ಲಿ ಗುರಿಯ ಅಂಕಿಯನ್ನು ಬರೆಸಿಕೊಳ್ಳಿ. ಆಕ್ಸಿಜನ್ ಒಂದು ಔಷಧ. ಪ್ರಮಾಣವಿಲ್ಲದ ಔಷಧದ ಆದೇಶವನ್ನು ನಾವು ಬೇರೆಲ್ಲಿಯೂ ಒಪ್ಪುವುದಿಲ್ಲ.

ಮಲೆನಾಡು_ಶುಶ್ರೂಷಾಧಿಕಾರಿ:

ಇಬ್ಬರಿಗೂ ಕೃತಜ್ಞತೆಗಳು, ಮೇಡಂ. ನಮ್ಮಲ್ಲಿ ಎ.ಬಿ.ಜಿ. (ಅಪಧಮನಿಯ ರಕ್ತದಲ್ಲಿರುವ ಅನಿಲಗಳನ್ನು ಅಳೆಯುವ) ಪರೀಕ್ಷೆಯ ಸೌಲಭ್ಯವಿಲ್ಲ. ಹಾಗಿರುವಾಗ ಇಂಗಾಲದ ಡೈಆಕ್ಸೈಡ್ ಏರುತ್ತಿದೆಯೆಂದು ಹೇಗೆ ಊಹಿಸಬೇಕು? ಸ್ಟೋರಿನಲ್ಲಿ ಬಣ್ಣಬಣ್ಣದ ವೆಂಚುರಿ ಮಾಸ್ಕುಗಳು ಬಿದ್ದಿವೆ, ಆದರೆ ಯಾರೂ ಬಳಸುವುದಿಲ್ಲ. ಜಿಲ್ಲಾಸ್ಪತ್ರೆಗೆ ಕಳುಹಿಸಬೇಕಾದರೆ ಘಟ್ಟದ ದಾರಿ ದೂರವಿರುವುದರಿಂದ ಸಿಲಿಂಡರಿನ ಚಿಂತೆಯೂ ಇದೆ.

ಕನ್ನಡತಿ_ಬ್ರಿಟನ್:

ನಾನು ಇಂಗ್ಲೆಂಡಿನ ಎದೆರೋಗ ವಾರ್ಡೊಂದರಲ್ಲಿ ಕೆಲಸ ಮಾಡುತ್ತಿರುವ ಕರಾವಳಿಯವಳು. ಆ ಮಾಸ್ಕುಗಳನ್ನು ಸ್ಟೋರಿನಿಂದ ಹೊರತೆಗೆಯಿರಿ, ನಿಮ್ಮ ರೋಗಿಗಳಿಗೆ ಅವಕ್ಕಿಂತ ಒಳ್ಳೆಯ ಸಾಧನವಿಲ್ಲ. ಮೂಗಿನ ನಳಿಕೆಯಲ್ಲಿ 2 ಲೀಟರ್ ಕೊಟ್ಟರೆ ಒಳಹೋಗುವ ಆಕ್ಸಿಜನ್ ಪ್ರಮಾಣ ರೋಗಿ ಎಷ್ಟು ವೇಗವಾಗಿ, ಎಷ್ಟು ಆಳವಾಗಿ ಉಸಿರಾಡುತ್ತಾರೆ ಎಂಬುದರ ಮೇಲೆ ಬದಲಾಗುತ್ತಲೇ ಇರುತ್ತದೆ. ವೆಂಚುರಿ ಮಾಸ್ಕ್ ಗಾಳಿಯನ್ನು ಗೊತ್ತಾದ ಅನುಪಾತದಲ್ಲಿ ಬೆರೆಸುವುದರಿಂದ ಪ್ರಮಾಣ ಸ್ಥಿರವಾಗಿರುತ್ತದೆ. ಇಲ್ಲಿ ಸಾಮಾನ್ಯವಾಗಿ ನೀಲಿ ತುದಿಯದು 2 ಲೀಟರಿಗೆ ಶೇಕಡ 24, ಬಿಳಿಯದು 4 ಲೀಟರಿಗೆ ಶೇಕಡ 28 ಕೊಡುತ್ತದೆ; ಕಂಪನಿಯಿಂದ ಕಂಪನಿಗೆ ಬಣ್ಣ ಬೇರೆಯಾಗಬಹುದಾದ್ದರಿಂದ ತುದಿಯ ಮೇಲೆ ಅಚ್ಚಾಗಿರುವ ಅಂಕಿಯನ್ನೇ ಓದಿಕೊಳ್ಳಿ. ಉಸಿರಿನ ವೇಗ 30 ದಾಟಿದ್ದರೆ ನಮೂದಿಸಿದ ಹರಿವಿಗಿಂತ ಅರ್ಧದಷ್ಟು ಹೆಚ್ಚಿಸಬೇಕು. ಹಾಗೆ ಮಾಡಿದರೆ ಶೇಕಡಾವಾರು ಏರುವುದಿಲ್ಲ, ರೋಗಿಗೆ ಬೇಕಾದಷ್ಟು ಮಿಶ್ರಣ ಸಿಗುತ್ತದೆ. ಮಾಸ್ಕಿನ ಪಕ್ಕದ ಕಿಂಡಿಗಳನ್ನು ಕಂಬಳಿ ಮುಚ್ಚದಂತೆ ನೋಡಿಕೊಳ್ಳಿ.

ಎ.ಬಿ.ಜಿ. ಇಲ್ಲದ ಕಡೆ ಕಣ್ಣು ಮತ್ತು ಕೈಗಳೇ ಪರೀಕ್ಷೆ. ಬೆಳಿಗ್ಗೆ ತಲೆನೋವು, ಬೆಚ್ಚಗಿನ ಅಂಗೈ, ಪುಟಿಯುವ ನಾಡಿ, ಕೈ ಚಾಚಿ ಮಣಿಕಟ್ಟನ್ನು ಹಿಂದಕ್ಕೆ ಮಡಿಸಿ ಹಿಡಿಯಲು ಹೇಳಿದಾಗ ರೆಕ್ಕೆ ಬಡಿದಂತೆ ಕುಸಿಯುವ ಅಂಗೈ, ಕೇಳಿದ್ದಕ್ಕೆ ತಡವಾಗಿ ಅಥವಾ ಅಸಂಬದ್ಧವಾಗಿ ಬರುವ ಉತ್ತರ ಇವೆಲ್ಲ ಸೂಚನೆಗಳು. ಇಡೀ ರಾತ್ರಿ ಒದ್ದಾಡಿದ ರೋಗಿ ಬೆಳಗಿನ ಜಾವ ನಿದ್ದೆ ಹೋದರೆ ಮನೆಯವರಿಗೆ ಸಮಾಧಾನವಾಗುತ್ತದೆ. ಶುಶ್ರೂಷಕಿ ಮಾತ್ರ ಎಬ್ಬಿಸಿ ಮಾತಾಡಿಸಿಯೇ ಮುಂದೆ ಹೋಗಬೇಕು.

ವೈದ್ಯರನ್ನು ಕರೆಯುವ ಬಗ್ಗೆ ಇಲ್ಲಿ ರಾಯಲ್ ಕಾಲೇಜ್ ಆಫ್ ಫಿಸಿಶಿಯನ್ಸ್ 2012ರಲ್ಲಿ ತಂದು 2017ರಲ್ಲಿ ಪರಿಷ್ಕರಿಸಿದ ಅಂಕ ಪದ್ಧತಿಯೊಂದಿದೆ. ಉಸಿರಿನ ವೇಗ 25 ಅಥವಾ ಅದಕ್ಕಿಂತ ಹೆಚ್ಚಾಗಿದ್ದರೆ, ಇಲ್ಲವೇ 8ಕ್ಕೆ ಅಥವಾ ಅದಕ್ಕಿಂತ ಕೆಳಕ್ಕೆ ಇಳಿದಿದ್ದರೆ, ಅದೊಂದೇ ಕಾರಣಕ್ಕೆ 3 ಅಂಕ ಬಿದ್ದು ವೈದ್ಯರಿಗೆ ತುರ್ತಾಗಿ ತಿಳಿಸಲೇಬೇಕಾಗುತ್ತದೆ; ಹೊಸದಾಗಿ ಕಾಣಿಸಿಕೊಂಡ ಗೊಂದಲಕ್ಕೂ 3 ಅಂಕ. ಪರಿಷ್ಕೃತ ಪದ್ಧತಿಯಲ್ಲಿ 88–92ರ ಗುರಿಯ ರೋಗಿಗಳಿಗೆ ಬೇರೆಯೇ ಪಟ್ಟಿಯಿದ್ದು, ಆಕ್ಸಿಜನ್ ಪಡೆಯುತ್ತಿರುವಾಗ ಸಾಂದ್ರತೆ 97 ಅಥವಾ ಹೆಚ್ಚು ತೋರಿಸಿದರೆ ಅದಕ್ಕೂ 3 ಅಂಕ ಸೇರುತ್ತದೆ. ಅತಿಯಾದ ಆಕ್ಸಿಜನ್ನೂ ಅಪಾಯದ ಸೂಚನೆಯೆಂದು ಚಾರ್ಟೇ ಎಚ್ಚರಿಸುವ ಈ ಏರ್ಪಾಡು ನಮ್ಮೂರಿಗೂ ಬರಬೇಕೆಂಬುದು ನನ್ನ ಆಸೆ. ಹಿಂದೊಮ್ಮೆ ಇಂಗಾಲದ ಡೈಆಕ್ಸೈಡ್ ಏರಿ ಕಷ್ಟಪಟ್ಟಿದ್ದ ರೋಗಿಗಳಿಗೆ ಇಲ್ಲಿ ಗುರಿಯನ್ನು ನಮೂದಿಸಿದ ಚೀಟಿಯೊಂದನ್ನು ಕೊಟ್ಟು ಕಳುಹಿಸುತ್ತಾರೆ. ನೀವೂ ಡಿಸ್ಚಾರ್ಜ್ ಸಾರಾಂಶದಲ್ಲಿ ಒಂದು ಸಾಲು ಬರೆಸಿದರೆ, ಮುಂದಿನ ಸಲ 108 ಆಂಬುಲೆನ್ಸಿನವರಿಗೆ ಮನೆಯವರು ಅದನ್ನು ತೋರಿಸಬಹುದು.

ಐಸಿಯು_ಸಿಸ್ಟರ್_ಬೆಂಗಳೂರು:

ಸಿಲಿಂಡರಿನ ಲೆಕ್ಕ ಸರಳವಾಗಿದೆ. ಪೂರ್ತಿ ತುಂಬಿದ ‘ಬಿ’ ಮಾದರಿಯ ಸಿಲಿಂಡರಿನಲ್ಲಿ ಸುಮಾರು 1,500 ಲೀಟರ್, ಜಂಬೋ ಎನ್ನುವ ‘ಡಿ’ ಮಾದರಿಯದರಲ್ಲಿ ಸುಮಾರು 7,000 ಲೀಟರ್ ಆಕ್ಸಿಜನ್ ಇರುತ್ತದೆ. ನಿಮಿಷಕ್ಕೆ 10 ಲೀಟರಿನಂತೆ ಹರಿಸಿದರೆ ಚಿಕ್ಕದು ಎರಡೂವರೆ ಗಂಟೆಯಲ್ಲಿ ಖಾಲಿ. 4 ಲೀಟರಿನಲ್ಲಿ ಆರು ಗಂಟೆ ಬರುತ್ತದೆ. ಒತ್ತಡದ ಮುಳ್ಳು ಅರ್ಧಕ್ಕಿದ್ದರೆ ಲೆಕ್ಕವನ್ನೂ ಅರ್ಧಕ್ಕಿಳಿಸಿ, ದಾರಿಯಲ್ಲಾಗುವ ತಡಕ್ಕೆಂದು ಇನ್ನಷ್ಟು ಉಳಿಸಿಕೊಂಡೇ ಹೊರಡಿಸಿ.

ಆಕ್ಸಿಜನ್ನಿಗೆ ಕೈ ಹಾಕುವ ಮುಂಚೆ ರೋಗಿಯನ್ನು ನೇರವಾಗಿ ಕೂರಿಸುವುದನ್ನು ಮರೆಯಬೇಡಿ. ಮುಂದೆ ಕಾರ್ಡಿಯಾಕ್ ಟೇಬಲ್ (ಹಾಸಿಗೆಯ ಮೇಲೆ ಅಡ್ಡಲಾಗಿಡುವ ಮೇಜು) ಇಟ್ಟು, ಅದರ ಮೇಲೆ ದಿಂಬಿರಿಸಿ, ತೋಳುಗಳನ್ನು ಅದಕ್ಕೆ ಒರಗಿಸಲು ಹೇಳಿ. ತೋಳಿಗೆ ಆಸರೆ ಸಿಕ್ಕಿದರೆ ಎದೆ ಮತ್ತು ಕತ್ತಿನ ಸ್ನಾಯುಗಳು ಉಸಿರಾಟಕ್ಕೆ ಪೂರ್ತಿಯಾಗಿ ದುಡಿಯುತ್ತವೆ. ಮೂಗಿನಿಂದ ಎಳೆದುಕೊಂಡು, ತುಟಿಯನ್ನು ಸಿಳ್ಳೆ ಹಾಕುವಂತೆ ಕಿರಿದುಮಾಡಿ ನಿಧಾನವಾಗಿ ಬಿಡುವುದನ್ನು ಅವರೊಂದಿಗೆ ನೀವೂ ಮಾಡಿ ತೋರಿಸಿ. ಮುಖಕ್ಕೆ ಬೀಸುವ ಗಾಳಿಯಿಂದ ಉಸಿರು ಕಟ್ಟುವ ಅನುಭವ ನಿಜವಾಗಿಯೂ ತಗ್ಗುತ್ತದೆ. ಗಾಬರಿಯಾದ ಮನೆಯವರ ಕೈಗೆ ಬೀಸಣಿಗೆ ಕೊಟ್ಟರೆ ಅವರಿಗೂ ಮಾಡಲು ಒಂದು ಉಪಯುಕ್ತ ಕೆಲಸ ಸಿಗುತ್ತದೆ. ಸುತ್ತ ನಿಂತ ನಾಲ್ಕಾರು ಜನರನ್ನು ಮಾತ್ರ ಮರ್ಯಾದೆಯಿಂದ ಹೊರಗೆ ಕಳುಹಿಸಿ.

ನೆಬುಲೈಸೇಷನ್ನನ್ನು ಈ ರೋಗಿಗಳಿಗೆ ಸಾಧ್ಯವಾದಷ್ಟು ಗಾಳಿಯ ಕಂಪ್ರೆಸರಿನಿಂದಲೇ ಕೊಟ್ಟು, ಅದೇ ಹೊತ್ತಿಗೆ ಮೂಗಿನ ನಳಿಕೆಯಲ್ಲಿ ಆಕ್ಸಿಜನ್ ಮುಂದುವರಿಸಿ. ಆಕ್ಸಿಜನ್ನಿನಿಂದಲೇ ನಡೆಸಬೇಕಾಗಿ ಬಂದರೆ 6 ನಿಮಿಷಕ್ಕೆ ನಿಲ್ಲಿಸಿ. ಎಷ್ಟೋ ಕಡೆ ಔಷಧ ಮುಗಿದ ಮೇಲೂ ಮಾಸ್ಕ್ ಹಾಗೆಯೇ ಉಳಿದು, ಗೊತ್ತಿಲ್ಲದಂತೆ ಹೆಚ್ಚಿನ ಆಕ್ಸಿಜನ್ ಹೋಗುತ್ತಿರುತ್ತದೆ. ಕಣ್ಣಿನ ಒತ್ತಡದ ಕಾಯಿಲೆ ಇರುವವರಿಗೆ ಶ್ವಾಸನಾಳ ಹಿಗ್ಗಿಸುವ ಇಪ್ರಾಟ್ರೋಪಿಯಂ ಔಷಧ ಕೊಡುವಾಗ ಆವಿ ಕಣ್ಣಿಗೆ ತಾಗದಂತೆ ಬಾಯಿನಳಿಕೆ ಬಳಸಿ.

ಡಾಕ್ಟರಿಗೆ ಫೋನ್ ಮಾಡುವಾಗ ‘ರೋಗಿಗೆ ತುಂಬಾ ದಮ್ಮು ಸರ್’ ಎಂದಷ್ಟೇ ಹೇಳದೆ, ಹೀಗೆ ಹೇಳಿ ನೋಡಿ: ‘ಸರ್, ಹನ್ನೆರಡನೇ ಹಾಸಿಗೆಯ ಸಿ.ಒ.ಪಿ.ಡಿ. ರೋಗಿ. ಉಸಿರಿನ ವೇಗ ಎಂಟು ಗಂಟೆಗೆ 22 ಇತ್ತು, ಈಗ 32. ಶೇಕಡ 28ರ ವೆಂಚುರಿಯಲ್ಲಿ ಸಾಂದ್ರತೆ 86. ಎರಡೆರಡೇ ಮಾತಾಡುತ್ತಿದ್ದಾರೆ, ಅರ್ಧ ಗಂಟೆಯಿಂದ ಮಂಪರು ಹೆಚ್ಚಿದೆ. ನೆಬುಲೈಸೇಷನ್ ಕೊಟ್ಟಾಗಿದೆ. ನೀವು ಈಗಲೇ ಬಂದು ನೋಡಬೇಕು. ಜಿಲ್ಲಾಸ್ಪತ್ರೆಗೆ ಕಳುಹಿಸಬೇಕಾಗಬಹುದೆಂದು 108ಕ್ಕೂ ಹೇಳಿಡುತ್ತೇನೆ.’ ಫೋನ್ ಇಟ್ಟ ಕೂಡಲೇ ಇದೇ ಮಾತುಗಳನ್ನು ಸಮಯ ಸಹಿತ ಕೇಸ್ ಶೀಟಿನಲ್ಲಿ ಬರೆದುಕೊಳ್ಳಿ.