ಯಾರ್ಕ್‌ನಲ್ಲಿ ಒಂದೂವರೆ ದಿನ, ಎಂಟು ವರ್ಷದ ಮೇಲೆ ಸಿಗುತ್ತಿರುವ ಗೆಳತಿ: ಏನು ನೋಡಲಿ, ಏನು ಬಿಡಲಿ?

ತುಂತುರು:

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸ್ವಲ್ಪ ಉದ್ದ, ಬೇಜಾರು ಮಾಡ್ಕೋಬೇಡಿ.

ಎಂಟು ವರ್ಷದ ಹಿಂದೆ ಸ್ಕಾಟ್ಲೆಂಡಿನಲ್ಲಿ ಒಬ್ಬಳೇ ಸುತ್ತುತ್ತಿದ್ದೆ. ಫೋರ್ಟ್ ವಿಲಿಯಂನಿಂದ ಮ್ಯಾಲೇಗ್‌ಗೆ ಹೋಗುವ ರೈಲಿನಲ್ಲಿ ಎದುರು ಸೀಟಿನವಳ ಪರಿಚಯವಾಯಿತು. ಲಿಸ್ಬನ್ ಊರಿನವಳು. ಇಳಿದ ಮೇಲೂ ಮಾತು ನಿಲ್ಲಲಿಲ್ಲ, ಹಾಗಾಗಿ ಸ್ಕೈ ದ್ವೀಪಕ್ಕೆ ಹೋಗುವ ಆ ದಿನದ ಕೊನೆಯ ಫೆರಿ ಇಬ್ಬರಿಗೂ ತಪ್ಪಿತು. ಮಳೆಯಲ್ಲಿ ಬಂದರಿನ ಗೋಡೆಗೆ ಒರಗಿ ಚಿಪ್ಸ್ ತಿಂದೆವು, ಮರುದಿನದಿಂದ ಐದು ದಿನ ಒಟ್ಟಿಗೇ ಸುತ್ತಿದೆವು. ಆಮೇಲೆ ನೋಡಿಯೇ ಇಲ್ಲ. ಮೊದಲೆಲ್ಲ ಉದ್ದುದ್ದ ಮೆಸೇಜು, ಕಡೆಕಡೆಗೆ ಬರೀ ಹುಟ್ಟುಹಬ್ಬದ ಶುಭಾಶಯ.

ನಾನೀಗ ಲಂಡನ್ನಿನಲ್ಲಿದ್ದೇನೆ, ಅವಳು ಈ ಬೇಸಿಗೆಯಲ್ಲಿ ಕೆಲಸಕ್ಕೆಂದು ಎಡಿನ್‌ಬರೋಗೆ ಬಂದಿದ್ದಾಳೆ. ಇಬ್ಬರಿಗೂ ನಡುವೆ ಬೀಳುವ ಊರು ಅಂತ ಯಾರ್ಕ್ ಗೊತ್ತು ಮಾಡಿಕೊಂಡೆವು. ಅಕ್ಟೋಬರ್ ಕೊನೆಯ ಶನಿವಾರ ಮಧ್ಯಾಹ್ನ ಸೇರಿ, ಭಾನುವಾರ ಸಂಜೆ ಹೊರಡುವುದು.

ಒಂದೂವರೆ ದಿನದಲ್ಲಿ ಏನೇನು ನೋಡಬಹುದು? ನಾನು ಸಸ್ಯಾಹಾರಿ, ಅವಳಿಗೆ ಈ ವರ್ಷ ಮಂಡಿ ನೋವು ಶುರುವಾಗಿದೆಯಂತೆ. ಇನ್ನೊಂದು ವಿಷಯ, ಹೇಳಲು ಸ್ವಲ್ಪ ನಾಚಿಕೆ. ಎದುರೆದುರು ಕೂತಾಗ ಮಾತೇ ಹೊರಡದಿದ್ದರೆ ಅಂತ ಭಯ ಆಗುತ್ತಿದೆ. ಆ ಐದು ದಿನ ಬಿಟ್ಟರೆ ನಮ್ಮಿಬ್ಬರ ನಡುವೆ ಇರುವುದಾದರೂ ಏನು ಅಂತ ರಾತ್ರಿ ಮಲಗಿದಾಗ ಅನಿಸುತ್ತೆ. ಯಾರಿಗಾದರೂ ಹೀಗೆ ಆಗಿದೆಯಾ?

ಲೀಡ್ಸ್‌ವಾಸಿ:

ಲೀಡ್ಸ್‌ನಿಂದ ಯಾರ್ಕ್ ಅರ್ಧ ಗಂಟೆಯ ದಾರಿ, ಬಂದ ನೆಂಟರನ್ನೆಲ್ಲ ಕರೆದುಕೊಂಡು ಹೋಗಿ ಹೋಗಿ ನನಗೆ ಬಾಯಿಪಾಠವಾಗಿದೆ.

ಮೊದಲು ರೈಲು. ಲಂಡನ್ನಿನ ಕಿಂಗ್ಸ್ ಕ್ರಾಸ್ ಸ್ಟೇಷನ್ನಿನಿಂದ ಸುಮಾರು ಎರಡು ಗಂಟೆ, ಎಡಿನ್‌ಬರೋದಿಂದ ಎರಡೂವರೆ. ಅಡ್ವಾನ್ಸ್ ಟಿಕೆಟ್ ಅಗ್ಗ, ಆದರೆ ಬರೆದಿರುವ ರೈಲಿಗೆ ಮಾತ್ರ ನಡೆಯುತ್ತೆ. ಭಾನುವಾರ ಹಳಿ ರಿಪೇರಿ ಜಾಸ್ತಿ, ವಾಪಸ್ ರೈಲು ಆ ದಿನ ಓಡುತ್ತದೆಯೇ ಅಂತ ಹೊರಡುವ ಮುಂಚೆ ಒಮ್ಮೆ ನೋಡಿಕೊಳ್ಳಿ.

ಶನಿವಾರ ಮಧ್ಯಾಹ್ನ ಊರು ಗಿಜಿಗಿಜಿ. ಮದುವೆಗೆ ಮುಂಚಿನ ಪಾರ್ಟಿಗೆಂದು ತಲೆಗೆ ಗರಿ, ಎದೆಗೆ ರಿಬ್ಬನ್ ಕಟ್ಟಿಕೊಂಡ ಗುಂಪುಗಳೆಲ್ಲ ರೈಲಿನಲ್ಲಿ ಬಂದು ಇಳಿಯುತ್ತವೆ. ಶ್ಯಾಂಬಲ್ಸ್ ಓಣಿಗೆ ಆ ಹೊತ್ತಿಗೆ ಹೋದರೆ ಬರೀ ಬೆನ್ನುಗಳನ್ನು ನೋಡಿ ಬರಬೇಕು. ಅದು ಕಟುಕರ ಬೀದಿಯಾಗಿತ್ತು, ಅಂಗಡಿ ಮುಂದೆ ಮಾಂಸ ಇಡುತ್ತಿದ್ದ ಹಲಗೆಗಳಿಂದ ಆ ಹೆಸರು. ಮರದ ಮನೆಗಳು ಮೇಲೆ ಹೋದಂತೆ ಮುಂದಕ್ಕೆ ಬಾಗುತ್ತವೆ, ಎದುರುಬದುರು ಮಹಡಿಯವರು ಕೈ ಕುಲುಕಬಹುದು ಅನ್ನುವಷ್ಟು. ಭಾನುವಾರ ಬೆಳಿಗ್ಗೆ ಅಂಗಡಿ ತೆಗೆಯುವ ಮುಂಚೆ ಹೋಗಿ.

ಊಟದ ಬಗ್ಗೆ ಒಂದು ಎಚ್ಚರಿಕೆ, ಇದನ್ನು ನನಗೆ ಯಾರೂ ಹೇಳಿರಲಿಲ್ಲ. ಯಾರ್ಕ್‌ಶೈರ್ ಕಡೆ ಎಷ್ಟೋ ಫಿಶ್ ಅಂಡ್ ಚಿಪ್ಸ್ ಅಂಗಡಿಗಳಲ್ಲಿ ಚಿಪ್ಸನ್ನೂ ದನದ ಕೊಬ್ಬಿನಲ್ಲೇ ಕರಿಯುತ್ತಾರೆ. ಯಾವ ಎಣ್ಣೆ ಅಂತ ಕೇಳಿಯೇ ತಿನ್ನಿ. ಯಾರ್ಕ್‌ಶೈರ್ ಪುಡ್ಡಿಂಗ್ ಕೂಡ ಸಿಹಿಯಲ್ಲ, ಮೊಟ್ಟೆ, ಹಾಲು, ಮೈದಾದ್ದು, ಅದಕ್ಕೂ ಅದೇ ಕೊಬ್ಬು ಹಾಕಿರಬಹುದು.

ಬೀದಿ ಹೆಸರು ನೋಡಿ ಗಲಿಬಿಲಿ ಆಗಬೇಡಿ. ಹಿಂದೆ ಈ ಊರನ್ನು ಆಳಿದ ವೈಕಿಂಗರ ಭಾಷೆಯಲ್ಲಿ ಗೇಟ್ ಅಂದರೆ ಬೀದಿ. ಹಾಗಾಗಿ ಇಲ್ಲಿ ಬೀದಿಗೆ ಗೇಟ್ ಅನ್ನುತ್ತಾರೆ, ಕೋಟೆ ಬಾಗಿಲಿಗೆ ಬಾರ್ ಅನ್ನುತ್ತಾರೆ, ಬಾರ್‌ಗೆ ಪಬ್ ಅನ್ನುತ್ತಾರೆ. "ಮಾಂಕ್ ಬಾರ್ ಹತ್ತಿರ ಸಿಗೋಣ" ಅಂದರೆ ಕುಡಿಯೋಕೆ ಕರೆದದ್ದಲ್ಲ.

ಕೋಳಿನಿದ್ದೆ:

@ತುಂತುರು, ನಿಮ್ಮ ಪ್ರಶ್ನೆಯ ಕೊನೆಯ ಭಾಗಕ್ಕೆ ಮಾತ್ರ ಉತ್ತರ ಹೇಳುತ್ತೇನೆ.

ನನಗೆ ಆಗಿದೆ. ಪ್ರವಾಸದಲ್ಲಿ ಸಿಕ್ಕ ಗೆಳೆಯ, ಆರು ವರ್ಷದ ಮೇಲೆ ಒಂದು ಒಳ್ಳೆ ಹೋಟೆಲಿನಲ್ಲಿ ಟೇಬಲ್ ಬುಕ್ ಮಾಡಿ ಭೇಟಿಯಾದೆವು. ಎದುರೆದುರು ಕೂತು ಮೆನು ಓದಿದ್ದೇ ಓದಿದ್ದು! ಕೆಲಸ ಹೇಗಿದೆ, ಮನೆಯವರು ಹೇಗಿದ್ದಾರೆ, ಮುಗೀತು. ಯೋಚಿಸಿ ನೋಡಿದರೆ ನಾವು ಮೊದಲು ಯಾವತ್ತೂ ಹಾಗೆ ಕೂತೇ ಇರಲಿಲ್ಲ, ಯಾವಾಗಲೂ ಬಸ್ಸಿನಲ್ಲೋ ದಾರಿಯಲ್ಲೋ ಇರುತ್ತಿದ್ದೆವು. ಊಟ ಬಿಟ್ಟು ಎದ್ದು, ಬಸ್ ಸ್ಟಾಪ್ ಹುಡುಕುತ್ತಾ ದಾರಿ ತಪ್ಪಿದ ಮೇಲೆ ಹಳೇ ಸಲಿಗೆ ತಾನಾಗಿ ಬಂತು.

ಆದ್ದರಿಂದ ಅಲ್ಲಿನ ಬೆಟ್ಟೀಸ್ ಅನ್ನುವ ಹೆಸರುವಾಸಿ ಟೀ ರೂಮಿನ ಸಾಲಲ್ಲಿ ನಿಲ್ಲುವುದನ್ನು ಮೊದಲ ದಿನಕ್ಕೆ ಇಟ್ಟುಕೊಳ್ಳಬೇಡಿ. ಸ್ಟೇಷನ್ನಿನಿಂದ ಹೊರಗೆ ಬಂದರೆ ಎದುರಿಗೇ ಕೋಟೆ ಗೋಡೆ. ಹತ್ತಿ ನಡೆಯಲು ಶುರು ಮಾಡಿ. ಒಟ್ಟು 3.4 ಕಿಲೋಮೀಟರ್, ಟಿಕೆಟ್ ಇಲ್ಲ. ಪಕ್ಕಪಕ್ಕ ನಡೆಯುವಾಗ ಮುಖ ನೋಡಬೇಕಾಗಿಲ್ಲ, ಮಾತು ನಿಂತರೆ ತೋರಿಸೋಕೆ ಚರ್ಚಿನ ಗೋಪುರ ಇರುತ್ತೆ.

ಲೀಡ್ಸ್‌ವಾಸಿ:

@ಕೋಳಿನಿದ್ದೆ, ಹೇಳಿದ್ದು ಚೆನ್ನಾಗಿದೆ, ಆದರೆ ಗೋಡೆ ಮೇಲೆ ಎಷ್ಟೋ ಕಡೆ ಪಕ್ಕಪಕ್ಕ ನಡೆಯೋಕೆ ಆಗಲ್ಲ ಸ್ವಾಮಿ. ಕಿರಿದು, ಒಳಬದಿಗೆ ಎಲ್ಲಾ ಕಡೆ ಕಂಬಿಯೂ ಇಲ್ಲ, ಎದುರಿಗೆ ಯಾರಾದರೂ ಬಂದರೆ ಒಬ್ಬರು ಒತ್ತಿ ನಿಲ್ಲಬೇಕು. ಮೆಟ್ಟಿಲು ಬೇರೆ, ಮಂಡಿ ನೋವಿನವರಿಗೆ ಪೂರ್ತಿ ಸುತ್ತು ಬೇಡ. ಅದೂ ಅಲ್ಲದೆ ಸುತ್ತು ಪೂರ್ತಿಯಾಗಿಯೂ ಇಲ್ಲ. ಪೂರ್ವಕ್ಕೆ ಒಂದು ಕಡೆ ಗೋಡೆಯೇ ಕಟ್ಟಲಿಲ್ಲ. ಹನ್ನೊಂದನೇ ಶತಮಾನದ ವಿಲಿಯಂ ದೊರೆ ಫಾಸ್ ನದಿಗೆ ಒಡ್ಡು ಕಟ್ಟಿಸಿದ್ದರಿಂದ ಅಲ್ಲಿ ದೊಡ್ಡ ಜೌಗು ಆಗಿತ್ತು, ಶತ್ರು ದಾಟಲಾರ ಅಂತ ಹಾಗೇ ಬಿಟ್ಟರು.

ಬೂಥಮ್ ಬಾರ್‌ನಿಂದ ಮಾಂಕ್ ಬಾರ್‌ವರೆಗಿನ ತುಂಡು ಸಾಕು, ಕಾಲು ಗಂಟೆಯ ದಾರಿ. ಮಿನ್‌ಸ್ಟರ್ ಚರ್ಚಿನ ಹಿಂಭಾಗ, ಹಿತ್ತಿಲ ತೋಟಗಳು, ಅಕ್ಟೋಬರಿನ ಎಲೆ ಬಣ್ಣ ಎಲ್ಲಾ ಸಿಗುತ್ತೆ. ಕತ್ತಲಾಗುವ ಹೊತ್ತಿಗೆ ಬಾಗಿಲು ಹಾಕುತ್ತಾರೆ, ನೆನಪಿರಲಿ.

ಗಾಜಿನಗುಬ್ಬಿ:

ಮಿನ್‌ಸ್ಟರ್ ಬಗ್ಗೆ ಯಾರೂ ಸರಿಯಾಗಿ ಹೇಳಲಿಲ್ಲ, ನಾನು ಬಿಡುವುದಿಲ್ಲ.

ಪೂರ್ವದ ದೊಡ್ಡ ಕಿಟಕಿಯ ಮುಂದೆ ಕೂತುಬಿಡಿ. ಟೆನ್ನಿಸ್ ಅಂಗಳದಷ್ಟು ಬಣ್ಣದ ಗಾಜು, ಜಾನ್ ಥಾರ್ನ್‌ಟನ್ ಎಂಬಾತ 1405ರಿಂದ 1408ರ ನಡುವೆ ಮಾಡಿದ್ದು. ಹೇಳಿದ ಮೂರು ವರ್ಷದೊಳಗೆ ಮುಗಿಸಿದ್ದಕ್ಕೆ 10 ಪೌಂಡ್ ಹೆಚ್ಚಿಗೆ ಸಿಕ್ಕಿತಂತೆ. ಇವತ್ತಿನ ಕಂಟ್ರಾಕ್ಟರುಗಳಿಗೆ ಯಾರಾದರೂ ಇದನ್ನು ಓದಿ ಹೇಳಬೇಕು.

ಚರ್ಚು ಶಿಲುಬೆ ಆಕಾರದ್ದು, ಅದರ ದಕ್ಷಿಣದ ಕೈಯಲ್ಲಿ ನಿಂತು ತಲೆಯೆತ್ತಿ. 1984ರ ಜುಲೈಯಲ್ಲಿ ಆ ಭಾಗದ ಚಾವಣಿ ಬೆಂಕಿಗೆ ಬಿತ್ತು, ಸಿಡಿಲು ಬಡಿದಿರಬೇಕು ಅಂತ ತೀರ್ಮಾನ. ಗುಲಾಬಿ ಆಕಾರದ ಕಿಟಕಿ ಶಾಖಕ್ಕೆ ಸಾವಿರಾರು ಬಿರುಕು ಬಿಟ್ಟಿತು, ಆದರೂ ಕಳಚಿ ಬೀಳಲಿಲ್ಲ. ಹೊಸ ಚಾವಣಿ ಕಟ್ಟುವಾಗ ಟಿವಿಯಲ್ಲಿ ಮಕ್ಕಳಿಗೆ ಸ್ಪರ್ಧೆ ಇಟ್ಟು, ಗೆದ್ದ ಆರು ಚಿತ್ರಗಳನ್ನು ಮರದಲ್ಲಿ ಕೆತ್ತಿ ಮೇಲೆ ಕೂರಿಸಿದ್ದಾರೆ. ಚಂದ್ರನ ಮೇಲೆ ಕಾಲಿಟ್ಟ ಮನುಷ್ಯ ಇದ್ದಾನೆ, ತಿಮಿಂಗಿಲ ಇದೆ. ಹುಡುಕಿ, ಇಬ್ಬರಿಗೂ ಕೆಲಸ ಸಿಗುತ್ತೆ.

ಗೋಪುರ ಬೇಡ. 275 ಮೆಟ್ಟಿಲು, ಇಕ್ಕಟ್ಟಾದ ಸುರುಳಿ, ಮಂಡಿ ಕೈಕೊಡುತ್ತೆ. ಭಾನುವಾರ ಬೆಳಿಗ್ಗೆ ಪ್ರಾರ್ಥನೆ ಇರುವುದರಿಂದ ಪ್ರವಾಸಿಗರನ್ನು ಮಧ್ಯಾಹ್ನದ ಮೇಲೆಯೇ ಬಿಡುವುದು. ಟಿಕೆಟ್ ದುಬಾರಿ ಅನಿಸಿದರೆ ಶನಿವಾರ ಸಂಜೆಯ ಈವನ್‌ಸಾಂಗ್‌ಗೆ, ಅಂದರೆ ಹಾಡಿನ ಪ್ರಾರ್ಥನೆಗೆ ಹೋಗಿ, ಅದಕ್ಕೆ ದುಡ್ಡಿಲ್ಲ. ಭಕ್ತಿ ಇರಲಿ ಬಿಡಲಿ, ಮುಕ್ಕಾಲು ಗಂಟೆ ಹಾಡು ಕೇಳುತ್ತಾ ಸುಮ್ನೆ ಕೂರಬಹುದು. ಮಾತು ಹೊರಡದ ಭಯ ಇರುವವರಿಗೆ ಮಾತಾಡಬಾರದ ಜಾಗಕ್ಕಿಂತ ಒಳ್ಳೆಯದು ಯಾವುದಿದೆ?

ಆಮೇಲೆ ಕ್ಲಿಫರ್ಡ್ಸ್ ಟವರ್. ಎಲ್ಲರೂ ಫೋಟೋ ತೆಗೆಯುವ ಹಸಿರು ದಿಬ್ಬ ಅದು. 1190ರ ಮಾರ್ಚ್‌ನಲ್ಲಿ ಅಲ್ಲಿದ್ದ ಮರದ ಕೋಟೆಯೊಳಗೆ ಊರಿನ ಯಹೂದಿಗಳು, ಸುಮಾರು 150 ಜನ, ಪ್ರಾಣ ಉಳಿಸಿಕೊಳ್ಳಲು ಸೇರಿದ್ದರು. ಕೆಳಗೆ ಗುಂಪು ಕಾಯುತ್ತಿತ್ತು. ಹೆಚ್ಚಿನವರು ತಾವೇ ಜೀವ ಕೊಟ್ಟರು, ಉಳಿದವರನ್ನು ಕೊಂದರು. ಈಗಿನ ಕಲ್ಲಿನ ಗೋಪುರ ಆಮೇಲಿನದು. ಹತ್ತುವ ಮುಂಚೆ ಕೆಳಗಿರುವ ಫಲಕ ಓದಿ.

ಹಳಿಪ್ರೇಮಿ:

ರೈಲಿನಲ್ಲಿ ಶುರುವಾದ ಗೆಳೆತನ, ರೈಲು ಮ್ಯೂಸಿಯಂ ಹೆಸರನ್ನು ಯಾರೂ ಎತ್ತಿಲ್ಲ. ಏನು ಜನ ನೀವು!

ಸ್ಟೇಷನ್ ಹಿಂದೆಯೇ ಇದೆ, ಪ್ರವೇಶ ಉಚಿತ. ಮಲ್ಲಾರ್ಡ್ ಅಲ್ಲಿದೆ, 1938ರ ಜುಲೈ 3ರಂದು ಗಂಟೆಗೆ 126 ಮೈಲಿ, ಅಂದರೆ 203 ಕಿಲೋಮೀಟರ್ ಓಡಿದ ಉಗಿಬಂಡಿ. ಆ ದಾಖಲೆ ಇನ್ನೂ ಅದರದ್ದೇ. ಜಪಾನಿನ ಹಳೇ ಬುಲೆಟ್ ರೈಲಿನ ಡಬ್ಬಿಯೂ ಇದೆ, ಒಳಗೆ ಹೋಗಿ ಕೂರಬಹುದು.

ಇನ್ನೊಂದು ತಮಾಷೆ. ಲಂಡನ್-ಎಡಿನ್‌ಬರೋ ರೈಲುಗಳಲ್ಲಿ ಊಟದ ಡಬ್ಬಿ ಇಲ್ಲದ ಕಾಲದಲ್ಲಿ ಮಧ್ಯಾಹ್ನದ ಊಟಕ್ಕೆ ನಿಲ್ಲುತ್ತಿದ್ದದ್ದು ಯಾರ್ಕ್‌ನಲ್ಲೇ. ಎಲ್ಲರೂ ಇಳಿದು ಗಬಗಬನೆ ತಿಂದು ಓಡಿ ಬಂದು ಹತ್ತಬೇಕಿತ್ತು. ಅಂತೂ ಆ ಎರಡು ಊರಿನವರು ನಡುವೆ ಇಲ್ಲಿ ಇಳಿಯುವುದು ನಿಮ್ಮಿಂದ ಶುರುವಾದದ್ದಲ್ಲ. 1877ರ ಸ್ಟೇಷನ್ ಅದು, ಕಬ್ಬಿಣದ ಚಾವಣಿ ಹಳಿಯ ಜೊತೆಗೇ ಬಿಲ್ಲಿನ ಹಾಗೆ ಬಾಗಿದೆ. ಇಳಿದ ತಕ್ಷಣ ಫೋನ್ ನೋಡಬೇಡಿ, ಮೇಲೆ ನೋಡಿ.

ಗಡಿಯಾರದಂಗಡಿ:

ಒಂದೇ ಮಾತು. ಅಕ್ಟೋಬರ್ ಕೊನೆಯ ಭಾನುವಾರ ಬೆಳಗಿನ ಜಾವ ಎರಡಕ್ಕೆ ಬ್ರಿಟನ್ನಿನಲ್ಲಿ ಗಡಿಯಾರ ಒಂದು ಗಂಟೆ ಹಿಂದೆ ಹೋಗುತ್ತೆ. ನಿಮಗೆ ಒಂದು ಗಂಟೆ ಲಾಭ. ಆದರೆ ಭಾನುವಾರ ಐದರೊಳಗೆ ಕತ್ತಲು, ಗೋಡೆ ಬೇಗ ಮುಗಿಸಿ. ಫೋನ್ ತಾನೇ ಬದಲಾಗುತ್ತೆ, ಕೈಗಡಿಯಾರ ಬದಲಾಗಲ್ಲ.

ತುಂತುರು:

ಹೋಗಿ ಬಂದೆ. ಯಾರಾದರೂ ಮುಂದೆ ಇದೇ ಪ್ರಶ್ನೆ ಹುಡುಕಿಕೊಂಡು ಬರಬಹುದು ಅಂತ ಬರೆಯುತ್ತಿದ್ದೇನೆ.

ನನ್ನ ರೈಲು 40 ನಿಮಿಷ ತಡ. ಅವಳು ಪ್ಲಾಟ್‌ಫಾರ್ಮಿನಲ್ಲೇ ಕಾಯುತ್ತಿದ್ದಳು. ಕೂದಲು ಚಿಕ್ಕದಾಗಿ ಕತ್ತರಿಸಿದ್ದಾಳೆ, ಕೈಯಲ್ಲಿ ಊರುಗೋಲು. ಒಂದು ಕ್ಷಣ ಗುರುತು ಹತ್ತಲಿಲ್ಲ, ಅದು ಅವಳಿಗೂ ಗೊತ್ತಾಯಿತು. ತಬ್ಬಿಕೊಂಡೆವು, ಆಮೇಲೆ ಹವೆ ಬಗ್ಗೆ ಮಾತಾಡಿದೆವು. ಹವೆ ಬಗ್ಗೆ! ಹೆದರಿದ್ದ ಹಾಗೇ ಆಯಿತು ಅಂದುಕೊಂಡೆ.

ಬೂಥಮ್ ಬಾರ್ ಹತ್ತಿರ ನಿಧಾನವಾಗಿ ಗೋಡೆ ಹತ್ತಿದೆವು. ಇಕ್ಕಟ್ಟು, ಲೀಡ್ಸ್‌ವಾಸಿ ಹೇಳಿದ್ದೇ ಸರಿ, ಅವಳು ಮುಂದೆ, ನಾನು ಹಿಂದೆ. ಆದರೆ ಕೋಳಿನಿದ್ದೆ ಹೇಳಿದ್ದೂ ಸುಳ್ಳಾಗಲಿಲ್ಲ. ಅವಳು ಹಿಂತಿರುಗಿ ನೋಡದೆ, ಮುಂದಿನ ಕಲ್ಲಿನ ಮೇಲೆ ಕೋಲು ಊರುತ್ತಾ, "ನಿನ್ನ ಮೆಸೇಜಿಗೆಲ್ಲ ಎರಡು ವರ್ಷ ಉತ್ತರ ಕೊಡಲಿಲ್ಲ, ಅಲ್ವಾ?" ಅಂತ ಶುರು ಮಾಡಿದಳು. ಅಮ್ಮನಿಗೆ ಹುಷಾರಿರಲಿಲ್ಲವಂತೆ. ಪ್ರವಾಸದಲ್ಲಿ ಸಿಕ್ಕವಳಿಗೆ ಇಂಥ ಸುದ್ದಿ ಹೇಳಬಹುದೋ ಇಲ್ಲವೋ ಗೊತ್ತಾಗಲಿಲ್ಲ ಅಂದಳು. ಮುಖ ಕಾಣುತ್ತಿರಲಿಲ್ಲ, ಬೆನ್ನು ಮಾತ್ರ. ನಾನೂ ಆ ಬೆನ್ನಿಗೇ ಎಷ್ಟೋ ಹೇಳಿದೆ.

ಈವನ್‌ಸಾಂಗ್‌ಗೆ ಕೂತೆವು, ಅವಳು ಅತ್ತಳು, ನಾನು ಏನೂ ಕೇಳಲಿಲ್ಲ. ಚಂದ್ರನ ಮೇಲಿನ ಮನುಷ್ಯನನ್ನು ಮರುದಿನ ಮಧ್ಯಾಹ್ನ ಹುಡುಕಿದೆವು, ಮೊದಲು ಕಂಡದ್ದು ಅವಳಿಗೆ, ಅದಕ್ಕೆ ಕಾಫಿ ದುಡ್ಡು ನನ್ನದು. ಶ್ಯಾಂಬಲ್ಸ್ ಬೆಳಿಗ್ಗೆ ಎಂಟಕ್ಕೆ ಹೆಚ್ಚುಕಡಿಮೆ ಖಾಲಿ. ಅಲ್ಲಿರುವ ವೈಕಿಂಗ್ ಮ್ಯೂಸಿಯಂಗೆ ಹೋಗಲು ಆಗಲಿಲ್ಲ, ದಿಬ್ಬವನ್ನು ಕೆಳಗಿನಿಂದಲೇ ನೋಡಿ ಫಲಕ ಓದಿ ಬಂದೆವು. ಚಿಪ್ಸ್ ಬೇಕೇ ಬೇಕು ಅಂತ ಹೊರಟವರು ಮೂರು ಅಂಗಡಿಯಲ್ಲಿ ಯಾವ ಎಣ್ಣೆ ಅಂತ ಕೇಳಿದ ಮೇಲೆ ನಾಲ್ಕನೆಯದರಲ್ಲಿ ಸಿಕ್ಕಿತು. ಮಳೆ ಮಾತ್ರ ಬರಲಿಲ್ಲ.

@ಗಡಿಯಾರದಂಗಡಿ, ನಿಮಗೆ ವಿಶೇಷ ಧನ್ಯವಾದ. ರೂಮಿನಲ್ಲಿ ಮಾತಾಡುತ್ತಾ ಕೂತಿದ್ದೆವು, ಫೋನು 1:59 ತೋರಿಸಿ ಮತ್ತೆ 1:00 ಆಯಿತು. ಅವಳು "ಹಾಗಾದರೆ ಈ ಗಂಟೆ ಲೆಕ್ಕಕ್ಕಿಲ್ಲ" ಅಂದು ಇನ್ನೊಂದು ಸಲ ಟೀ ಕಾಯಿಸಿದಳು.

ಹಳಿಪ್ರೇಮಿ:

ಎಲ್ಲಾ ಸರಿ, ಮಲ್ಲಾರ್ಡ್ ನೋಡಿದಿರಾ?

ತುಂತುರು:

ನೋಡಿದೆವು ಮಾರಾಯ್ರೇ. ನೀಲಿ ಬಣ್ಣ ಚೆನ್ನಾಗಿದೆ. ಆದರೆ ಬುಲೆಟ್ ರೈಲಿನ ಸೀಟಿನಲ್ಲಿ ಅರ್ಧ ಗಂಟೆ ಕೂತುಬಿಟ್ಟೆವು, ಅಲ್ಲಿಂದ ಓಡಿದರೂ ಅವಳ ರೈಲು ತಪ್ಪಿತು. ಅಡ್ವಾನ್ಸ್ ಟಿಕೆಟ್, ದುಡ್ಡು ಹೋಯಿತು. ಅವಳು ನಗುತ್ತಲೇ ಇದ್ದಳು.