ಪದಚರ್ಚೆ: ‘ರಕ್ತದ ನಂಜು’ ಯಾವುದಕ್ಕೆ? ಸೆಪ್ಸಿಸ್‌ಗೋ, ರಕ್ತದಲ್ಲಿ ಬ್ಯಾಕ್ಟೀರಿಯಾ ಇರುವುದಕ್ಕೋ?

ಎಲ್ಲರಿಗೂ ನಮಸ್ಕಾರ.

ಎಳೆಯ ಮಕ್ಕಳ ರಕ್ತಕ್ಕೆ ತಗುಲುವ ಬ್ಯಾಕ್ಟೀರಿಯಾ ಸೋಂಕು, ಅದಕ್ಕೆ ಕೊಡುವ ಆಂಟಿಬಯಾಟಿಕ್ ಚಿಕಿತ್ಸೆ ಕುರಿತು ತಂದೆತಾಯಿಗಳಿಗಾಗಿ ಒಂದು ಕಿರುಹೊತ್ತಗೆ ಬರೆಯುತ್ತಿದ್ದೇನೆ. ಮೊದಲ ಪುಟದಲ್ಲೇ ‘ರಕ್ತದ ನಂಜು’ ಎಂಬ ಪದದ ಹತ್ತಿರ ನಿಂತಿದ್ದೇನೆ. ಸೆಪ್ಸಿಸ್, ಸೆಪ್ಟಿಸೀಮಿಯಾ, ಬ್ಯಾಕ್ಟೀರಿಮಿಯಾ ಮೂರಕ್ಕೂ ಕನ್ನಡದಲ್ಲಿ ಇದೊಂದನ್ನೇ ಬಳಸುವುದನ್ನು ನೋಡುತ್ತಿದ್ದೇನೆ. ಇದನ್ನು ಕೈಬಿಡಬೇಕು ಎನ್ನುವುದು ನನ್ನ ಅಭಿಪ್ರಾಯ. ಬದಲಿಗೆ ಏನು ಎಂಬುದರಲ್ಲಿ ನಿಮ್ಮ ಸಹಾಯ ಬೇಕು.

ಬ್ಯಾಕ್ಟೀರಿಮಿಯಾ ಎಂದರೆ ರಕ್ತದಲ್ಲಿ ಜೀವಂತ ಬ್ಯಾಕ್ಟೀರಿಯಾ ಇರುವುದು, ಅಷ್ಟೇ. ಹಲ್ಲುಜ್ಜುವಾಗಲೂ ಒಸಡಿನಿಂದ ಒಂದಿಷ್ಟು ಬ್ಯಾಕ್ಟೀರಿಯಾ ರಕ್ತಕ್ಕೆ ಸೇರುತ್ತವೆ. ಆರೋಗ್ಯವಂತರಲ್ಲಿ ಸ್ವಲ್ಪ ಹೊತ್ತಿಗೆಲ್ಲ ಇಲ್ಲವಾಗುತ್ತವೆ. ಸೆಪ್ಸಿಸ್ ಬೇರೆಯೇ. ಸೋಂಕಿನ ವಿರುದ್ಧ ದೇಹ ನಡೆಸುವ ಹೋರಾಟ ಹದ ತಪ್ಪಿ, ಅದರಿಂದ ದೇಹದ ಅಂಗಗಳೇ ಕೆಡುವ, ಜೀವಕ್ಕೆ ಅಪಾಯವಿರುವ ಸ್ಥಿತಿ ಅದು. ವೈರಸ್‌ನಿಂದಲೂ ಶಿಲೀಂಧ್ರದಿಂದಲೂ ಸೆಪ್ಸಿಸ್ ಆಗಬಹುದು, ರಕ್ತದಲ್ಲಿ ಒಂದೂ ಬ್ಯಾಕ್ಟೀರಿಯಾ ಸಿಗದೆಯೂ ಇರಬಹುದು. ಸೆಪ್ಟಿಸೀಮಿಯಾ ಹಳೆಯ ಪದ, ವೈದ್ಯರೇ ಬಳಸುವುದನ್ನು ಕಡಿಮೆ ಮಾಡುತ್ತಿದ್ದಾರೆ. ಅದನ್ನು ಇಲ್ಲಿಗೆ ಬಿಡೋಣ.

ಇನ್ನೊಂದು ತೊಡಕಿದೆ. ಸೆಪ್ಸಿಸ್ ಎಂಬ ಪದದ ಅರ್ಥ ವೈದ್ಯಶಾಸ್ತ್ರದಲ್ಲೇ ಕಾಲಕ್ಕೊಂದು, ವಯಸ್ಸಿಗೊಂದು. ಮಕ್ಕಳ ಮಟ್ಟಿಗೆ 2005ರಲ್ಲಿ ತಜ್ಞರು ಒಪ್ಪಿದ ವ್ಯಾಖ್ಯೆಯ ಪ್ರಕಾರ ಜ್ವರ, ನಾಡಿ, ಉಸಿರಾಟ, ಬಿಳಿರಕ್ತಕಣಗಳ ಎಣಿಕೆ ಇವುಗಳಲ್ಲಿ ಏರುಪೇರಿದ್ದು, ಜೊತೆಗೆ ಸೋಂಕಿನ ಶಂಕೆ ಇದ್ದರೆ ಸೆಪ್ಸಿಸ್. 2024ರಲ್ಲಿ ಬಂದ ಫೀನಿಕ್ಸ್ ಮಾನದಂಡ ಆ ದಾರಿ ಬಿಟ್ಟಿತು. ಉಸಿರಾಟ, ಹೃದಯ ಮತ್ತು ರಕ್ತನಾಳ, ರಕ್ತ ಹೆಪ್ಪುಗಟ್ಟುವಿಕೆ, ನರಮಂಡಲ ಈ ನಾಲ್ಕರಲ್ಲಿ ಆದ ತೊಂದರೆಗೆ ಅಂಕ ಕೊಟ್ಟು, ಸೋಂಕಿರುವ ಅಥವಾ ಸೋಂಕಿನ ಶಂಕೆಯಿರುವ ಮಗುವಿಗೆ ಎರಡೋ ಹೆಚ್ಚೋ ಅಂಕ ಬಂದರೆ ಸೆಪ್ಸಿಸ್ ಎನ್ನುತ್ತದೆ. ಆದರೆ ಹುಟ್ಟಿದ ಆಸ್ಪತ್ರೆಯಿಂದ ಇನ್ನೂ ಮನೆಗೆ ಹೋಗದ ಕೂಸುಗಳನ್ನು, ದಿನ ತುಂಬುವ ಮೊದಲೇ ಹುಟ್ಟಿ, ಗರ್ಭದಲ್ಲಿದ್ದ ದಿನಗಳನ್ನೂ ಸೇರಿಸಿ ಇನ್ನೂ 37 ವಾರ ಆಗದ ಕೂಸುಗಳನ್ನು ಅದು ಹೊರಗಿಟ್ಟಿದೆ. ನವಜಾತ ಶಿಶುಗಳ ವಾರ್ಡಿನಲ್ಲಿ ಸೆಪ್ಸಿಸ್ ಎಂದರೆ ಈಗಲೂ ಬಹುಮಟ್ಟಿಗೆ ‘ರಕ್ತದಲ್ಲಿ ಬ್ಯಾಕ್ಟೀರಿಯಾ ಸಿಕ್ಕಿದೆ’ ಅಥವಾ ‘ಇರುವ ಶಂಕೆ ಬಲವಾಗಿದೆ’ ಎಂದೇ. ಹತ್ತು ದಿನದ ಕೂಸಿನ ತಾಯಿಗೆ ಹೇಳುವ ಸೆಪ್ಸಿಸ್ಸೂ ಮೂರು ವರ್ಷದ ಮಗುವಿನ ತಂದೆಗೆ ಹೇಳುವ ಸೆಪ್ಸಿಸ್ಸೂ ಒಂದೇ ಅಲ್ಲ.

ಈಗ ‘ನಂಜು’ ನೋಡಿ. ದ್ರಾವಿಡ ಭಾಷೆಗಳ ಹಳೆಯ ಪದ, ಮೂಲ ಅರ್ಥ ವಿಷ. ನಂಜುಂಡನ ಹೆಸರಲ್ಲಿರುವುದೂ ಅದೇ. ‘ಗಾಯ ನಂಜಾಯಿತು’ ಎನ್ನುವಾಗ ಅದು ಸೋಂಕಿನ ಕಡೆಗೆ ಸರಿದಿದೆ, ನಿಜ. ಅದರಿಂದಲೇ ‘ನಂಜುನಿರೋಧಕ’ ಎಂಬ ಒಳ್ಳೆಯ ಪದ ಹುಟ್ಟಿತು. ಆದರೂ ವಿಷದ ಅರ್ಥ ಸತ್ತಿಲ್ಲ. ಮಗುವಿನ ರಕ್ತದಲ್ಲಿ ನಂಜಿದೆ ಎಂದಾಗ ಹೆತ್ತವರ ಕಿವಿಗೆ ಬೀಳುವುದು ರಕ್ತವೇ ವಿಷವಾಗಿದೆ ಎಂದು. ಆಮೇಲಿನ ಪ್ರಶ್ನೆ, ವಿಷ ಎಲ್ಲಿಂದ ಬಂತು?

ಇದಕ್ಕೆ ವೈದ್ಯರು ಕೊಡುವ ಉತ್ತರದ ಜೊತೆ ಈ ಪದ ಸೇರಿದರೆ ಕ್ರೌರ್ಯವೇ ಆಗಿಬಿಡುತ್ತದೆ. ಹುಟ್ಟಿದ ಮೊದಲ ಮೂರು ದಿನಗಳಲ್ಲಿ ಕಾಣಿಸಿಕೊಳ್ಳುವ ಸೋಂಕಿನ ಬ್ಯಾಕ್ಟೀರಿಯಾ ಸಾಮಾನ್ಯವಾಗಿ ಹೆರಿಗೆಯ ಆಸುಪಾಸಿನಲ್ಲಿ ತಾಯಿಯ ದೇಹದಿಂದ ದಾಟಿದ್ದಿರುತ್ತದೆ: ಗುಂಪು ಬಿ ಸ್ಟ್ರೆಪ್ಟೊಕಾಕಸ್, ಇ. ಕೋಲಿ ಮುಂತಾದವು. ತಾಯಿಯ ಕರುಳಿನಲ್ಲೋ ಯೋನಿಮಾರ್ಗದಲ್ಲೋ ಯಾವ ತೊಂದರೆಯನ್ನೂ ಕೊಡದೆ ಇದ್ದವು ಅವು. ಅದರಲ್ಲಿ ಅವಳ ತಪ್ಪು ಒಂದಿಷ್ಟೂ ಇಲ್ಲ. ‘ತಾಯಿಯಿಂದ ಬಂದ ಬ್ಯಾಕ್ಟೀರಿಯಾ’ ಎಂದರೆ ವಿವರಿಸಿ ಸಮಾಧಾನ ಹೇಳಬಹುದು. ‘ತಾಯಿಯಿಂದ ಬಂದ ನಂಜು’ ಎಂದರೆ? ಹಸಿ ಬಾಣಂತಿಗೆ ಆ ಮಾತನ್ನು ಯಾರೂ ಹೇಳಬಾರದು, ಅಚ್ಚಿನಲ್ಲಂತೂ ಬೇಡವೇ ಬೇಡ.

ಹಾಗಾದರೆ ಸೆಪ್ಸಿಸ್ ಎಂದೇ ಇಟ್ಟುಕೊಳ್ಳೋಣ ಎಂದರೆ ಅಲ್ಲೂ ಎಡವುತ್ತೇವೆ. ನಮ್ಮಲ್ಲಿ ‘ಸೆಪ್ಟಿಕ್ ಆಯ್ತು’ ಎಂದರೆ ಗಾಯ ಕೀವಾಯಿತು ಎಂದರ್ಥ. ಸೆಪ್ಸಿಸ್ ಎಂದಾಗ ಮಗುವಿನ ಮೈಮೇಲೆ ಗಾಯ ಹುಡುಕುವವರಿದ್ದಾರೆ. ಹೊಕ್ಕುಳು ಕೆಂಪಾಗಿ ಕೀವು ಸುರಿಯುತ್ತಿದ್ದರೆ ಸೋಂಕಿನ ಮೂಲ ಅದೇ ಇರಬಹುದು, ನಿಜ. ಬಹಳ ಸಲ ಹೊರಗೆ ಏನೂ ಕಾಣುವುದಿಲ್ಲ. ಕೂಸು ಹಾಲು ಕುಡಿಯುವುದಿಲ್ಲ, ಮಂಕಾಗಿರುತ್ತದೆ, ಮುಟ್ಟಿ ಅಲುಗಿಸಿದರೆ ಮಾತ್ರ ಕೈಕಾಲು ಆಡಿಸುತ್ತದೆ. ಉಸಿರು ನಿಮಿಷಕ್ಕೆ 60 ದಾಟುತ್ತದೆ, ಉಸಿರೆಳೆದಾಗ ಎದೆಯ ಕೆಳಭಾಗ ಒಳಕ್ಕೆ ಸೆಳೆಯುತ್ತದೆ. ಮೈ ಸುಡಬಹುದು, ತಣ್ಣಗೂ ಆಗಬಹುದು. ಎಳೆಗೂಸಿನಲ್ಲಿ ಜ್ವರದಷ್ಟೇ ಅಪಾಯದ ಸೂಚನೆ ಮೈ ತಣ್ಣಗಾಗುವುದು. ಇವುಗಳಲ್ಲಿ ಒಂದು ಕಂಡರೂ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಈ ಭಾಗ ಬರೆಯುವಾಗ ಪದಕ್ಕೆ ತಡಕಾಡಬೇಕಾಗಲಿಲ್ಲ. ಮಕ್ಕಳನ್ನು ನೋಡಿಕೊಳ್ಳುವವರ ಮಾತಿನಲ್ಲಿ ಎಲ್ಲವೂ ಇದೆ.

ನಾನು ಈಗ ಇಟ್ಟುಕೊಂಡಿರುವುದು ಹೀಗೆ. ಬ್ಯಾಕ್ಟೀರಿಯಾ ರಕ್ತದಲ್ಲಿ ಸಿಕ್ಕಿ ಮಗು ಕಾಯಿಲೆ ಬಿದ್ದಿದ್ದರೆ ‘ರಕ್ತಕ್ಕೆ ಇಳಿದ ಸೋಂಕು’. ಅಂಗಗಳು ಕೆಡುವ ಹಂತಕ್ಕೆ ‘ಸೆಪ್ಸಿಸ್’, ಮೊದಲ ಸಲ ಬಂದಾಗ ಒಂದು ಸಾಲಿನ ವಿವರಣೆಯೊಂದಿಗೆ. ಬರೀ ‘ರಕ್ತದ ಸೋಂಕು’ ಎಂದು ಬರೆದು ನೋಡಿದೆ. ರಕ್ತದ ಮೂಲಕ ಒಬ್ಬರಿಂದೊಬ್ಬರಿಗೆ ಹರಡುವ ರೋಗ ಎಂಬ ಅರ್ಥ ಹತ್ತಿರದಲ್ಲೇ ಸುಳಿಯುತ್ತದೆ, ಅದಕ್ಕೆ ಬಿಟ್ಟೆ. ಕ್ರಿಯಾಪದದ ಬಗ್ಗೆ ಮಾತ್ರ ಇನ್ನೂ ಅನುಮಾನ. ವಿಷ ‘ಏರುತ್ತದೆ’, ಆದ್ದರಿಂದ ‘ಏರಿದ’ ಬೇಡ. ‘ಇಳಿದ’, ‘ಸೇರಿದ’, ‘ಹಬ್ಬಿದ’ ಇವುಗಳಲ್ಲಿ ಯಾವುದು ನಿಮ್ಮ ಕಿವಿಗೆ ಸಹಜ?

ಎರಡನೆಯ ಪ್ರಶ್ನೆ ಇನ್ನೂ ಮುಖ್ಯ. ಆಂಟಿಬಯಾಟಿಕ್ ಶುರುಮಾಡುವ ಮೊದಲು, ಬ್ಯಾಕ್ಟೀರಿಯಾ ಇದೆಯೇ ಎಂದು ಬೆಳೆಸಿ ನೋಡಲು ರಕ್ತದ ಕಲ್ಚರ್‌ಗೆ ಕಳಿಸುತ್ತಾರೆ. ನವಜಾತ ಶಿಶುವಿನಿಂದ ತೆಗೆಯುವುದು ಸುಮಾರು ಒಂದು ಮಿಲಿಲೀಟರ್. ಚರ್ಮವನ್ನು ಚೆನ್ನಾಗಿ ಒರೆಸಿ, ಒಣಗುವವರೆಗೆ ಕಾದು, ಆಮೇಲೆ ಸೂಜಿ ಚುಚ್ಚುತ್ತಾರೆ. ಇಲ್ಲವಾದರೆ ಚರ್ಮದ ಮೇಲಿನ ಬ್ಯಾಕ್ಟೀರಿಯಾ ಬಾಟಲಿಯೊಳಗೆ ಹೋಗಿ ಫಲಿತಾಂಶ ದಾರಿ ತಪ್ಪಿಸುತ್ತದೆ. ಬಾಟಲಿಯಲ್ಲಿ ಬ್ಯಾಕ್ಟೀರಿಯಾ ಬೆಳೆದರೆ ಹೊರಡುವ ಇಂಗಾಲದ ಡೈಆಕ್ಸೈಡನ್ನು ಯಂತ್ರ ಪತ್ತೆಹಚ್ಚುತ್ತದೆ. ಹೆಚ್ಚಿನವು ಒಂದೆರಡು ದಿನದಲ್ಲೇ ಬೆಳೆದು ಕಾಣಿಸುತ್ತವೆ. ಬೆಳೆದದ್ದರ ಮೇಲೆ ಒಂದೊಂದೇ ಔಷಧಿ ಪ್ರಯೋಗಿಸಿ, ವರದಿಯಲ್ಲಿ ಪ್ರತಿಯೊಂದರ ಮುಂದೆ ‘ಸೆನ್ಸಿಟಿವ್’ (ಆ ಬ್ಯಾಕ್ಟೀರಿಯಾ ಮೇಲೆ ಔಷಧಿ ಕೆಲಸ ಮಾಡುತ್ತದೆ) ಅಥವಾ ‘ರೆಸಿಸ್ಟೆಂಟ್’ (ಕೆಲಸ ಮಾಡುವುದಿಲ್ಲ) ಎಂದು ಬರೆಯುತ್ತಾರೆ. ‘ಜೆಂಟಾಮೈಸಿನ್ ಸೆನ್ಸಿಟಿವ್’ ಎಂಬುದನ್ನು ಓದಿ, ಮಗುವಿಗೆ ಜೆಂಟಾಮೈಸಿನ್ ಆಗಿಬರುವುದಿಲ್ಲ ಎಂದು ಗಾಬರಿಯಾಗುವುದು ಸಹಜ. ಅಲರ್ಜಿಗೂ ನಾವು ಅದೇ ಪದ ಬಳಸುತ್ತೇವಲ್ಲ. ‘ಸಂವೇದಿ’, ‘ಸೂಕ್ಷ್ಮಗ್ರಾಹಿ’ ಎಂದರೂ ಗೊಂದಲ ಹಾಗೇ ಉಳಿಯುತ್ತದೆ, ಅರ್ಥವಂತೂ ಪೂರ್ತಿ ತಿರುಗುಮುರುಗು.

ಇಲ್ಲಿ ಕನ್ನಡದ ಮಾತೇ ಕೈಹಿಡಿಯುತ್ತದೆ ಎನಿಸಿತು. ‘ಕಾಯಿಲೆ ಔಷಧಿಗೆ ಬಗ್ಗುತ್ತಿಲ್ಲ’ ಎನ್ನುತ್ತೇವೆ. ಅದನ್ನೇ ತೆಗೆದುಕೊಂಡು ‘ಈ ಬ್ಯಾಕ್ಟೀರಿಯಾ ಜೆಂಟಾಮೈಸಿನ್‌ಗೆ ಬಗ್ಗುತ್ತದೆ, ಆಂಪಿಸಿಲಿನ್‌ಗೆ ಬಗ್ಗುವುದಿಲ್ಲ’ ಎಂದರೆ ಕರ್ತೃ ಯಾರೆಂಬುದೂ ಸ್ಪಷ್ಟ: ಬಗ್ಗುವುದು ಬ್ಯಾಕ್ಟೀರಿಯಾ, ಮಗು ಅಲ್ಲ. ‘ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾ’ ಎಂದರೆ ಆಂಟಿಬಯಾಟಿಕ್ ನಿರೋಧವನ್ನೂ ಹೇಳಿದಂತಾಯಿತು. ಕ್ಲೆಬ್ಸಿಯೆಲ್ಲಾ, ಅಸಿನೆಟೊಬ್ಯಾಕ್ಟರ್‌ನಂಥವು ಈಗ ಎಷ್ಟೋ ಕಡೆ ಹಲವು ಔಷಧಿಗಳಿಗೆ ಬಗ್ಗುತ್ತಿಲ್ಲ. ನವಜಾತ ಶಿಶುಗಳಿಗೆ ಮೊದಲ ಆಯ್ಕೆಯಾಗಿ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಆಂಪಿಸಿಲಿನ್ ಅಥವಾ ಪೆನಿಸಿಲಿನ್, ಜೊತೆಗೆ ಜೆಂಟಾಮೈಸಿನ್, ಇವೇ ಅಂಥ ಕಡೆ ಸಾಲದೆ ಬರುತ್ತಿರುವಾಗ ಈ ಮಾತು ತಂದೆತಾಯಿಗೆ ತಿಳಿಯುವ ಭಾಷೆಯಲ್ಲಿ ಇರಲೇಬೇಕು. ‘ಬಗ್ಗು’ ಬರಹಕ್ಕೆ ತೀರಾ ಆಡುಮಾತಾಯಿತು, ‘ಮಣಿ’ ಎನ್ನಿ ಎಂದು ಗೆಳೆಯರೊಬ್ಬರ ಸಲಹೆ. ನನಗೆ ‘ಬಗ್ಗು’ವೇ ಮೇಲು. ನಿಮಗೆ?

ಕೊನೆಯದು ‘ಕೋರ್ಸ್ ಪೂರ್ತಿ ಮುಗಿಸಿ’ ಎಂಬ ಮಾತು. ಅದು ಜನರ ಮನಸ್ಸಿನಲ್ಲಿ ಗಟ್ಟಿಯಾಗಿ ಕೂತಿದೆ. ಮನೆಗೆ ಕೊಟ್ಟ ಔಷಧಿಯನ್ನು ತಾವಾಗಿ ನಿಲ್ಲಿಸಬಾರದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆಸ್ಪತ್ರೆಯಲ್ಲಿ ಶಂಕೆಯ ಮೇಲೆ ಇಂಜೆಕ್ಷನ್ ಶುರುಮಾಡಿ, 36ರಿಂದ 48 ಗಂಟೆಯವರೆಗೂ ಕಲ್ಚರ್‌ನಲ್ಲಿ ಏನೂ ಬೆಳೆಯದೆ, ಮಗುವೂ ಚೆನ್ನಾಗಿದ್ದರೆ ವೈದ್ಯರೇ ನಿಲ್ಲಿಸುತ್ತಾರೆ. ಅದು ಸರಿಯಾದ ಚಿಕಿತ್ಸೆ. ರಕ್ತದಲ್ಲಿ ಬ್ಯಾಕ್ಟೀರಿಯಾ ಇರುವುದು ಖಚಿತವಾದರೆ ಸಾಮಾನ್ಯವಾಗಿ 7ರಿಂದ 10 ದಿನ. ಮಿದುಳ ಪೊರೆಗೂ ಹಬ್ಬಿದ್ದರೆ ಎರಡು ಮೂರು ವಾರ, ಅದನ್ನು ತಿಳಿಯಲೆಂದೇ ಬೆನ್ನಿನಿಂದ ನೀರು ತೆಗೆಯುವುದು. ಇನ್ನು ಬ್ಯಾಕ್ಟೀರಿಯಾ ಯಾವುದೆಂದು ಗೊತ್ತಾದ ಮೇಲೆ, ಹಲವು ಬಗೆಯವುಗಳ ಮೇಲೆ ಕೆಲಸ ಮಾಡುವ ಔಷಧಿ ಬಿಟ್ಟು ಅದೊಂದಕ್ಕೆ ಸಾಕಾಗುವ ಔಷಧಿಗೆ ಬರುತ್ತಾರೆ. ಇದನ್ನು ‘ಔಷಧಿ ಇಳಿಸಿದರು’ ಎಂದರೆ ‘ಪವರ್ ಕಡಿಮೆ ಮಾಡಿದರು’ ಎಂದು ಕೇಳಿಸಿ, ಮಗುವಿನ ಚಿಕಿತ್ಸೆಯಲ್ಲಿ ಕೈಬಿಟ್ಟರೇನೋ ಎಂಬ ಭಯ ಹುಟ್ಟುತ್ತದೆ. ‘ವಿಶಾಲವ್ಯಾಪ್ತಿ’, ‘ಸೀಮಿತವ್ಯಾಪ್ತಿ’ ಎಂಬ ಜೋಡಿ ಪಠ್ಯಪುಸ್ತಕಕ್ಕೆ ಸರಿ, ಹಾಸಿಗೆಯ ಪಕ್ಕ ಕೂತ ತಾಯಿಗೆ ಅಲ್ಲ.

ಸದ್ಯಕ್ಕೆ ಬರೆದಿಟ್ಟಿರುವ ಸಾಲು ಇದು: ‘ಯಾವ ಬ್ಯಾಕ್ಟೀರಿಯಾ ಎಂದು ಈಗ ಗೊತ್ತಾಗಿದೆ, ಅದಕ್ಕೇ ತಕ್ಕ ಔಷಧಿಗೆ ಬದಲಾಯಿಸುತ್ತಿದ್ದೇವೆ.’ ‘ತಕ್ಕ’ ಸಾಕೇ, ಅಥವಾ ‘ಗುರಿಯಿಟ್ಟ’ ಎನ್ನಬೇಕೇ? ಮಕ್ಕಳ ವಾರ್ಡಿನಲ್ಲಿ ಕೆಲಸ ಮಾಡುವ ನರ್ಸುಗಳು, ವೈದ್ಯರು ಇಲ್ಲಿದ್ದರೆ, ಈ ಸಂದರ್ಭದಲ್ಲಿ ನಿಮ್ಮ ಬಾಯಲ್ಲಿ ತಾನಾಗಿ ಬರುವ ಮಾತು ಯಾವುದೋ ಅದನ್ನೇ, ತಿದ್ದದೆ, ಬರೆದು ಕಳಿಸಿ.